ಒಂದು ಕಂಪನಿಯ ಫೋನನ್ನು ಇನ್ನೊಂದು ಕಂಪನಿಯ ಲ್ಯಾಪ್‌ಟಾಪಿಗೆ ಹೊಂದಿಸಿಕೊಳ್ಳುವ ಬಗೆ

ನಮ್ಮ ಮನೆಗಳಲ್ಲಿ ಫೋನು ಒಂದು ಕಂಪನಿಯದಾದರೆ ಲ್ಯಾಪ್‌ಟಾಪು ಇನ್ನೊಂದು ಕಂಪನಿಯದಾಗಿರುವುದೇ ಸಾಮಾನ್ಯ. ಫೋನನ್ನು ಹಬ್ಬದ ರಿಯಾಯಿತಿ ನೋಡಿ ಕೊಂಡಿರುತ್ತೇವೆ, ಲ್ಯಾಪ್‌ಟಾಪನ್ನು ಕಚೇರಿಯವರು ಕೊಟ್ಟಿರುತ್ತಾರೆ. ಎರಡೂ ಒಂದಕ್ಕೊಂದು ಒಗ್ಗುತ್ತವೆಯೇ ಎಂದು ಮೊದಲೇ ಯಾರೂ ವಿಚಾರಿಸುವುದಿಲ್ಲ. ಫೋನಿನಲ್ಲಿ ತೆಗೆದ ನಾಮಕರಣದ ವಿಡಿಯೊವನ್ನು ಲ್ಯಾಪ್‌ಟಾಪಿಗೆ ತರಬೇಕಾದಾಗಲೇ ತೊಡಕು ಗೊತ್ತಾಗುವುದು. ಆಗ ಹೆಚ್ಚಿನವರು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಕಳುಹಿಸಿಕೊಂಡು, ಮಸುಕಾದ ಪ್ರತಿಯನ್ನೇ ಇಳಿಸಿಕೊಂಡು ಸುಮ್ಮನಾಗುತ್ತಾರೆ.

ಎಲ್ಲ ಕೆಲಸವನ್ನೂ ಮಾಡಿಕೊಡುವ ಒಂದೇ ಆ್ಯಪ್ ಸಿಗಬಹುದೆಂದು ಹುಡುಕುತ್ತ ಕೂರುವುದಕ್ಕಿಂತ, ದೊಡ್ಡ ಫೈಲುಗಳಿಗೆ ಕೇಬಲ್, ದಿನನಿತ್ಯದ ಚಿಕ್ಕಪುಟ್ಟ ರವಾನೆಗೆ ವೈ-ಫೈ, ಕರೆ ಹಾಗೂ ಸಂದೇಶಗಳಿಗೆ ಪ್ರತ್ಯೇಕ ಆ್ಯಪ್ ಎಂದು ಕೆಲಸವನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅನುಭವ. ಇಲ್ಲಿ ಆಂಡ್ರಾಯ್ಡ್ ಫೋನು ಮತ್ತು ವಿಂಡೋಸ್ ಲ್ಯಾಪ್‌ಟಾಪನ್ನು ಮುಖ್ಯವಾಗಿಟ್ಟುಕೊಂಡು, ಐಫೋನ್ ಮತ್ತು ಮ್ಯಾಕ್‌ಬುಕ್ ಇರುವವರಿಗೆ ಬೇಕಾದುದನ್ನು ಅಲ್ಲಲ್ಲೇ ಹೇಳುತ್ತೇನೆ.

ಕೇಬಲ್ಲಿನಿಂದಲೇ ಆರಂಭಿಸೋಣ. ಒಮ್ಮೆ ನನ್ನ ಫೋನು ಲ್ಯಾಪ್‌ಟಾಪಿನಲ್ಲಿ ಕಾಣಿಸದೇ ಹೋದಾಗ ಫೋನನ್ನು ಲ್ಯಾಪ್‌ಟಾಪಿಗೆ ಗುರುತಿಸಿಕೊಡುವ ಡ್ರೈವರ್ ಎಂಬ ತಂತ್ರಾಂಶವನ್ನು ತೆಗೆದುಹಾಕಿ ಮತ್ತೆ ಹಾಕುವುದರಲ್ಲಿ ಎರಡು ಸಂಜೆಗಳನ್ನು ಕಳೆದಿದ್ದೆ. ತಪ್ಪು ಇದ್ದದ್ದು ಬಸ್ ನಿಲ್ದಾಣದ ಎದುರು ಕೊಂಡಿದ್ದ ಅಗ್ಗದ ಕೇಬಲ್ಲಿನಲ್ಲಿ. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಚಾರ್ಜಿಂಗಿಗೆ ಮಾತ್ರವೆಂದು ಮಾಡಿದ ಕೇಬಲ್ಲುಗಳಲ್ಲಿ ಮಾಹಿತಿಯ ಎರಡು ತಂತಿಗಳೇ ಇರುವುದಿಲ್ಲ, ಆದರೆ ಹೊರಗಿನಿಂದ ನೋಡಿದರೆ ಎರಡು ಬಗೆಯ ಕೇಬಲ್ಲುಗಳಿಗೂ ವ್ಯತ್ಯಾಸ ಕಾಣುವುದಿಲ್ಲ. ಫೋನು ಚಾರ್ಜ್ ಆಗುತ್ತಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ ಏನೂ ಕಾಣದಿದ್ದರೆ, ಬೇರೆ ಯಾವುದಕ್ಕೂ ಕೈಹಾಕುವ ಮೊದಲು ಕೇಬಲ್ ಬದಲಿಸಿ ನೋಡಬೇಕು.

ಕೇಬಲ್ ಸರಿಯಿದ್ದರೂ ಆಂಡ್ರಾಯ್ಡ್ ಫೋನು ತಾನಾಗಿಯೇ ಫೈಲುಗಳನ್ನು ತೋರಿಸುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಮೊದಲು ಚಾರ್ಜಿಂಗ್ ಮಾತ್ರ ನಡೆಯುವಂತೆ ಅದನ್ನು ರೂಪಿಸಲಾಗಿದೆ. ಫೋನಿನ ಲಾಕ್ ತೆಗೆದು, ಪರದೆಯ ಮೇಲಂಚಿನಿಂದ ನೋಟಿಫಿಕೇಶನ್ನುಗಳನ್ನು ಕೆಳಗೆಳೆದು, ಯುಎಸ್‌ಬಿ ಕುರಿತ ಸಾಲನ್ನು ಒತ್ತಿ, ‘ಫೈಲ್ ಟ್ರಾನ್ಸ್‌ಫರ್’ ಎಂಬುದನ್ನು ಆರಿಸಬೇಕು. ಆಗ ವಿಂಡೋಸ್‌ನ ‘ದಿಸ್ ಪಿಸಿ’ಯಲ್ಲಿ ಫೋನಿನ ಹೆಸರು ಮೂಡುತ್ತದೆ. ಕ್ಯಾಮೆರಾದ ಚಿತ್ರಗಳು ‘ಡಿಸಿಐಎಂ’ ಎಂಬ ಫೋಲ್ಡರಿನಲ್ಲಿರುತ್ತವೆ. ವಾಟ್ಸ್‌ಆ್ಯಪ್‌ನ ಚಿತ್ರಗಳನ್ನು ಹುಡುಕಿ ಸಿಗದೆ ಬೇಸತ್ತವರು ‘ಆಂಡ್ರಾಯ್ಡ್’ ಎಂಬ ಫೋಲ್ಡರಿನೊಳಗಿನ ‘ಮೀಡಿಯಾ’ವನ್ನು ತೆರೆದು ನೋಡಬೇಕು, ಆಂಡ್ರಾಯ್ಡ್ 11ರ ಕಾಲದಿಂದ ಅವು ಅಲ್ಲಿಗೆ ವಾಸ ಬದಲಿಸಿವೆ.

ಹೀಗೆ ತೆರೆದುಕೊಂಡ ಫೋನು ನೋಡಲು ಪೆನ್‌ಡ್ರೈವಿನಂತಿದ್ದರೂ ಪೆನ್‌ಡ್ರೈವಲ್ಲ. ಇಲ್ಲಿ ಎಂಟಿಪಿ ಎಂಬ ವ್ಯವಸ್ಥೆ ಕೆಲಸ ಮಾಡುತ್ತಿರುತ್ತದೆ: ಲ್ಯಾಪ್‌ಟಾಪು ಕೇಳುತ್ತದೆ, ಫೋನು ಒಂದೊಂದೇ ಫೈಲನ್ನು ಎತ್ತಿಕೊಡುತ್ತದೆ. ಆದ್ದರಿಂದ ಫೋನಿನೊಳಗಿರುವ ಫೈಲನ್ನು ಅಲ್ಲಿಯೇ ತೆರೆದು ತಿದ್ದಲು ಹೋಗದೆ, ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು ತೆರೆಯುವುದು ಕ್ಷೇಮ. ಕಟ್-ಪೇಸ್ಟ್ ಅಂತೂ ಬೇಡವೇ ಬೇಡ; ನಕಲು ಮಾಡಿ, ನಾಲ್ಕಾರು ಚಿತ್ರಗಳನ್ನೂ ವಿಡಿಯೊದ ಕೊನೆಯ ಭಾಗವನ್ನೂ ತೆರೆದು ಪರೀಕ್ಷಿಸಿ, ಆಮೇಲೆ ಫೋನಿನಿಂದ ಅಳಿಸಬೇಕು.

ಮ್ಯಾಕ್‌ಬುಕ್ ಇದ್ದು ಆಂಡ್ರಾಯ್ಡ್ ಫೋನು ಬಳಸುವವರ ಪಾಡು ಸ್ವಲ್ಪ ಬೇರೆ. ಮ್ಯಾಕ್‌ನಲ್ಲಿ ಫೈಲುಗಳನ್ನು ತೋರಿಸುವ ಫೈಂಡರಿಗೆ ಎಂಟಿಪಿ ಅರ್ಥವಾಗುವುದಿಲ್ಲ. ಇದಕ್ಕಾಗಿಯೇ ಗೂಗಲ್ ಕೊಡುತ್ತಿದ್ದ ‘ಆಂಡ್ರಾಯ್ಡ್ ಫೈಲ್ ಟ್ರಾನ್ಸ್‌ಫರ್’ ಎಂಬ ತಂತ್ರಾಂಶ 2024ರಲ್ಲಿ ನಿಂತುಹೋಯಿತು. ಈಗ ‘ಓಪನ್‌ಎಂಟಿಪಿ’ ಎಂಬ ಉಚಿತ ಮುಕ್ತ ತಂತ್ರಾಂಶ ಆ ಕೆಲಸ ಮಾಡುತ್ತದೆ. ವಿಂಡೋಸ್ ಲ್ಯಾಪ್‌ಟಾಪಿಗೆ ಐಫೋನ್ ಜೋಡಿಸುವವರು ಮೈಕ್ರೋಸಾಫ್ಟ್ ಸ್ಟೋರಿನಿಂದ ‘ಆ್ಯಪಲ್ ಡಿವೈಸಸ್’ ಹಾಕಿಕೊಂಡು, ಕೇಬಲ್ ಸಿಕ್ಕಿಸಿದಾಗ ಫೋನು ಕೇಳುವ ‘ಈ ಕಂಪ್ಯೂಟರನ್ನು ನಂಬಬಹುದೇ’ ಎಂಬ ಪ್ರಶ್ನೆಗೆ ಒಪ್ಪಿಗೆ ಕೊಡಬೇಕು.

ಇನ್ನು ಕೇಬಲ್ ಇಲ್ಲದ ದಾರಿ. ದಿನಕ್ಕೆ ನಾಲ್ಕು ಸಲ ಒಂದೆರಡು ಚಿತ್ರ, ಒಂದು ಪಿಡಿಎಫ್ ಕಳುಹಿಸುವವರಿಗೆ ನಾನು ಹೇಳುವುದು ‘ಲೋಕಲ್‌ಸೆಂಡ್’ ಎಂಬ ಉಚಿತ ಆ್ಯಪನ್ನು. ಅದು ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಐದಕ್ಕೂ ದೊರೆಯುತ್ತದೆ. ಖಾತೆ ತೆರೆಯಬೇಕಾಗಿಲ್ಲ, ಫೈಲು ಯಾವ ಕಂಪನಿಯ ಸರ್ವರಿಗೂ ಹೋಗುವುದಿಲ್ಲ, ಮನೆಯ ವೈ-ಫೈ ಒಳಗೇ ಓಡಾಡುತ್ತದೆ. ಎರಡೂ ಕಡೆ ಹಾಕಿಕೊಂಡು, ಎರಡನ್ನೂ ಒಂದೇ ವೈ-ಫೈಗೆ ಸೇರಿಸಿ, ಕಳುಹಿಸುವ ಕಡೆ ಫೈಲನ್ನು ಆರಿಸಿ ಎದುರಿನ ಸಾಧನದ ಹೆಸರನ್ನು ಒತ್ತಿ, ಪಡೆಯುವ ಕಡೆ ಒಪ್ಪಿಕೊಂಡರೆ ಮುಗಿಯಿತು. ಗೂಗಲ್‌ನ ‘ಕ್ವಿಕ್ ಶೇರ್’ ಕೂಡ ವಿಂಡೋಸ್‌ಗೆ ಲಭ್ಯವಿದೆ. ಮೊದಲು ‘ನಿಯರ್‌ಬೈ ಶೇರ್’ ಎಂದಿದ್ದ ಅದು 2024ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಒಂದಾಯಿತು. ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಮನೆಯಲ್ಲಿ ಒಬ್ಬರ ಬಳಿ ಐಫೋನ್ ಇದ್ದರೂ ಸಾಕು, ಎಲ್ಲರಿಗೂ ಲೋಕಲ್‌ಸೆಂಡ್ ಒಂದೇ ಇರಲಿ ಎನ್ನಿಸುತ್ತದೆ.

‘ಸಾಧನ ಕಾಣುತ್ತಿಲ್ಲ’ ಎಂಬ ದೂರು ಇಲ್ಲಿ ಹೆಚ್ಚು. ಕಾರಣ ಬಹುಮಟ್ಟಿಗೆ ಆ್ಯಪಿನದಲ್ಲ, ನೆಟ್‌ವರ್ಕಿನದು. ಹೊಸ ವೈ-ಫೈಗೆ ಸೇರಿದಾಗ ವಿಂಡೋಸ್ ಅದನ್ನು ‘ಪಬ್ಲಿಕ್’ ಎಂದು ಗುರುತಿಸಿಕೊಂಡು, ಪಕ್ಕದ ಸಾಧನಗಳಿಗೆ ಲ್ಯಾಪ್‌ಟಾಪನ್ನು ಕಾಣಗೊಡುವುದಿಲ್ಲ. ಮನೆಯ ವೈ-ಫೈ ಆಗಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಆ ವೈ-ಫೈನ ಪ್ರಾಪರ್ಟೀಸ್ ತೆರೆದು ‘ಪ್ರೈವೇಟ್’ ಎಂದು ಬದಲಿಸಬೇಕು, ಮೊದಲ ಸಲ ವಿಂಡೋಸ್‌ನ ಕಾವಲು ವ್ಯವಸ್ಥೆಯಾದ ಫೈರ್‌ವಾಲ್ ಅನುಮತಿ ಕೇಳಿದಾಗ ಒಪ್ಪಬೇಕು. ಪಿಜಿ, ಹಾಸ್ಟೆಲ್, ಹೋಟೆಲುಗಳ ಕಥೆ ಬೇರೆ: ಅಲ್ಲಿನ ರೂಟರುಗಳು ಸಾಮಾನ್ಯವಾಗಿ ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದಂತೆ ನಡುವೆ ಗೋಡೆ ಎಬ್ಬಿಸಿರುತ್ತವೆ, ಮತ್ತು ಆ ಗೋಡೆ ಅಲ್ಲಿರುವವರ ಹಿತಕ್ಕಾಗಿಯೇ ಇದೆ. ಅಂಥ ಕಡೆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿದರೆ, ಇವೆರಡರದೇ ಒಂದು ಪುಟ್ಟ ನೆಟ್‌ವರ್ಕ್ ಸಿದ್ಧವಾಗುತ್ತದೆ. ಇಂಟರ್ನೆಟ್ ಡೇಟಾ ಖರ್ಚಾಗಬಹುದೆಂಬ ಭಯವಿದ್ದರೆ ಮೊಬೈಲ್ ಡೇಟಾ ಆಫ್ ಮಾಡಿಟ್ಟರೂ ರವಾನೆ ನಡೆಯುತ್ತದೆ. ಬ್ಲೂಟೂತ್‌ನಲ್ಲಿ ಫೈಲು ಕಳುಹಿಸುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಐದು ನಿಮಿಷದ ವಿಡಿಯೊ ಹೋಗುವಷ್ಟರಲ್ಲಿ ಅಡುಗೆ ಮುಗಿಸಿ ಬರಬಹುದು.

ವಾಟ್ಸ್‌ಆ್ಯಪ್‌ನಲ್ಲೇ ಕಳುಹಿಸಿಕೊಳ್ಳುವುದು ರೂಢಿಯಾಗಿದ್ದರೆ, ಚಿತ್ರವನ್ನು ಗ್ಯಾಲರಿಯಿಂದ ಆರಿಸದೆ ‘ಡಾಕ್ಯುಮೆಂಟ್’ ಎಂದು ಲಗತ್ತಿಸಿರಿ. ಆಗ ಅದು ಕುಗ್ಗದೆ, ಇದ್ದ ಹಾಗೆಯೇ ಹೋಗುತ್ತದೆ.

ಕರೆ, ಸಂದೇಶ, ನೋಟಿಫಿಕೇಶನ್ನುಗಳು ಲ್ಯಾಪ್‌ಟಾಪಿನಲ್ಲೇ ಕಾಣಬೇಕೆಂದರೆ ವಿಂಡೋಸ್‌ನಲ್ಲಿ ‘ಫೋನ್ ಲಿಂಕ್’ ಮೊದಲೇ ಇರುತ್ತದೆ. ಫೋನಿಗೆ ‘ಲಿಂಕ್ ಟು ವಿಂಡೋಸ್’ ಹಾಕಿಕೊಂಡು, ಲ್ಯಾಪ್‌ಟಾಪು ತೋರಿಸುವ ಕ್ಯೂಆರ್ ಕೋಡನ್ನು ಅದರಿಂದ ಸ್ಕ್ಯಾನ್ ಮಾಡಬೇಕು. ಮೊದಲ ದಿನ ಎಲ್ಲವೂ ಸರಿಯಿದ್ದು ಮರುದಿನದಿಂದ ಸಂಪರ್ಕ ಕಡಿಯತೊಡಗಿದರೆ, ಫೋನು ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಆ ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸುತ್ತಿದೆ ಎಂದು ತಿಳಿಯಬೇಕು. ಆ ಆ್ಯಪಿನ ಬ್ಯಾಟರಿ ಸೆಟ್ಟಿಂಗನ್ನು ನಿರ್ಬಂಧವಿಲ್ಲದಂತೆ ಬದಲಿಸಿ, ಆಟೋಸ್ಟಾರ್ಟ್ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಬೇಕು. ಫೋನಿನ ಪರದೆಯನ್ನೇ ಲ್ಯಾಪ್‌ಟಾಪಿನಲ್ಲಿ ಕಾಣುವ ಸೌಲಭ್ಯ ಸ್ಯಾಮ್‌ಸಂಗ್ ಮತ್ತಿತರ ಕೆಲವು ಕಂಪನಿಗಳ ಆಯ್ದ ಫೋನುಗಳಿಗಷ್ಟೇ ಇದೆ. ಐಫೋನನ್ನೂ ಇದಕ್ಕೆ ಬ್ಲೂಟೂತ್ ಮೂಲಕ ಜೋಡಿಸಬಹುದಾದರೂ, ಹಳೆಯ ಸಂದೇಶಗಳಾಗಲಿ ಗುಂಪಿನ ಸಂದೇಶಗಳಾಗಲಿ ಅದರಲ್ಲಿ ಸಿಗುವುದಿಲ್ಲ. ಲಿನಕ್ಸ್ ಬಳಸುವವರಿಗೆ ‘ಕೆಡಿಇ ಕನೆಕ್ಟ್’ ಇದೆ. ಲ್ಯಾಪ್‌ಟಾಪಿನಲ್ಲಿ ನಕಲು ಮಾಡಿದ ಪಠ್ಯವನ್ನು ಫೋನಿನಲ್ಲಿ ಅಂಟಿಸುವುದಕ್ಕೂ ಅದು ಅನುಕೂಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸಭೆಯಲ್ಲಿ ಲ್ಯಾಪ್‌ಟಾಪಿನ ಪರದೆಯನ್ನು ಹಂಚಿಕೊಂಡಿರುವಾಗಲೇ ಬ್ಯಾಂಕಿನ ಒಟಿಪಿ ಮೂಲೆಯಲ್ಲಿ ಪುಟಿದೇಳುವುದುಂಟು, ಮನೆಯವರ ಸಂದೇಶವೂ ಪುಟಿದೇಳುವುದುಂಟು. ಫೋನ್ ಲಿಂಕ್‌ನ ಸೆಟ್ಟಿಂಗ್ಸ್‌ನಲ್ಲಿ ಸಂದೇಶಗಳ ಬ್ಯಾನರನ್ನು ಆಫ್ ಮಾಡಿಟ್ಟರೆ ಆ ಮುಜುಗರ ತಪ್ಪುತ್ತದೆ.

ಫೈಲು ಬಂದಿದೆ, ಆದರೆ ತೆರೆಯುತ್ತಿಲ್ಲ ಎಂಬುದು ಮುಂದಿನ ತೊಡಕು. 2017ರಲ್ಲಿ ಬಂದ ಐಒಎಸ್ 11ರಿಂದೀಚೆಗೆ ಐಫೋನುಗಳು ಚಿತ್ರಗಳನ್ನು ಜೆಪೆಗ್ ಬದಲು ಎಚ್‌ಇಐಸಿ ಎಂಬ ರೂಪದಲ್ಲಿ ಉಳಿಸತೊಡಗಿದವು. ವಿಂಡೋಸ್‌ನಲ್ಲಿ ಅದು ತೆರೆಯದಿದ್ದರೆ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ದೊರೆಯುವ ಎಚ್‌ಇಐಎಫ್ ವಿಸ್ತರಣೆಯನ್ನು ಹಾಕಿಕೊಳ್ಳಬಹುದು. ಇಲ್ಲವೇ ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಫಾರ್ಮ್ಯಾಟ್ಸ್’ ತೆರೆದು ‘ಮೋಸ್ಟ್ ಕಂಪ್ಯಾಟಿಬಲ್’ ಎಂದು ಆರಿಸಿದರೆ ಮುಂದಿನ ಚಿತ್ರಗಳೆಲ್ಲ ಜೆಪೆಗ್ ಆಗಿಯೇ ಬರುತ್ತವೆ.

ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಕನ್ನಡದ ಕಡತಗಳು. ನನ್ನ ಸೋದರಮಾವ ಪಂಚಾಯಿತಿಯ ಅರ್ಜಿಯೊಂದನ್ನು ಲ್ಯಾಪ್‌ಟಾಪಿನಲ್ಲಿ ಬೆರಳಚ್ಚಿಸಿ, ಫೋನಿಗೆ ಕಳುಹಿಸಿಕೊಂಡು ತೆರೆದರೆ, ಪುಟದ ತುಂಬ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳು. ‘ವೈರಸ್ ಬಂದಿದೆ ಕಣೋ’ ಎಂದು ಗಾಬರಿಯಾಗಿ ಫೋನ್ ಮಾಡಿದ್ದರು. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟಿನಲ್ಲಿ, ಎಲ್ಲ ಸಾಧನಗಳಿಗೂ ಸಮಾನವಾದ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡ್ ಅಲ್ಲದ ವಿಧಾನದಿಂದ ಟೈಪಿಸಿದಾಗ ಕಡತದೊಳಗೆ ನಿಜವಾಗಿ ಉಳಿಯುವುದು ರೋಮನ್ ಅಕ್ಷರಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ವೇಷ ಹಾಕುವುದು ಲ್ಯಾಪ್‌ಟಾಪಿನಲ್ಲಿರುವ ಆ ಫಾಂಟು. ಫೋನಿನಲ್ಲಿ ಆ ಫಾಂಟ್ ಇಲ್ಲದ್ದರಿಂದ ವೇಷ ಕಳಚುತ್ತದೆ. ಇದಕ್ಕೆ ಫೋನಿಗೆ ಫಾಂಟ್ ತುಂಬಿಸುವುದು ಪರಿಹಾರವಲ್ಲ. ಕಡತವನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಾಡಿಸಿ ನೋಡಿ ಉಳಿಸಿದರೆ, ಅದು ಯಾವ ಕಂಪನಿಯ ಯಾವ ಸಾಧನದಲ್ಲೂ ಕನ್ನಡವಾಗಿಯೇ ತೆರೆಯುತ್ತದೆ. ಪರಿವರ್ತಿಸಲು ವೇಳೆಯಿಲ್ಲದಿದ್ದರೆ ಪಿಡಿಎಫ್ ಮಾಡಿ ಕಳುಹಿಸಬಹುದು. ಓದಲು ತೊಂದರೆಯಿಲ್ಲ, ಆದರೆ ಅದರಲ್ಲಿ ಪದ ಹುಡುಕಲಾಗದು, ನಕಲು ಮಾಡಿದರೆ ಮತ್ತೆ ಅದೇ ರೋಮನ್ ರಾಶಿ.

ಯುನಿಕೋಡ್‌ನಲ್ಲೇ ಟೈಪಿಸಿದರೂ ಒಂದು ಸಣ್ಣ ವ್ಯತ್ಯಾಸ ಉಳಿಯುತ್ತದೆ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಕಂಡ ಪಠ್ಯ ಆಂಡ್ರಾಯ್ಡ್‌ನಲ್ಲಿ ನೋಟೊ ಫಾಂಟಿನಲ್ಲಿ ಕಾಣುವುದರಿಂದ ಸಾಲುಗಳು ಬೇರೆಡೆ ಮುರಿದು, ಎರಡು ಪುಟದ ಅರ್ಜಿ ಮೂರು ಪುಟವಾಗಬಹುದು. ಸಹಿ ಹಾಕಿ ಸಲ್ಲಿಸುವ ಕಾಗದವಾದರೆ ಕೊನೆಯ ಪ್ರತಿಯನ್ನು ಪಿಡಿಎಫ್ ಮಾಡಿಯೇ ಕಳುಹಿಸಬೇಕು.

ಜೋಡಿಸಿದ್ದನ್ನು ಬಿಡಿಸುವುದೂ ಇದೇ ಕೆಲಸದ ಭಾಗ. ಕಚೇರಿಯ ಲ್ಯಾಪ್‌ಟಾಪನ್ನು ಹಿಂದಿರುಗಿಸುವ ಅಥವಾ ಹಳೆಯದನ್ನು ಮಾರುವ ದಿನ, ಫೋನಿನ ಲಿಂಕ್ ಟು ವಿಂಡೋಸ್‌ನಿಂದ ಆ ಕಂಪ್ಯೂಟರನ್ನು ತೆಗೆದುಹಾಕಿ, ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು ಅಲ್ಲಿಂದ ಲಾಗ್ಔಟ್ ಮಾಡಿ, ಬ್ಲೂಟೂತ್ ಪಟ್ಟಿಯಿಂದಲೂ ಅಳಿಸಿ, ಗೂಗಲ್ ಖಾತೆಯಲ್ಲಿ ‘ನಿಮ್ಮ ಸಾಧನಗಳು’ ಎಂಬಲ್ಲಿ ಆ ಲ್ಯಾಪ್‌ಟಾಪು ಇನ್ನೂ ಇದೆಯೇ ಎಂದು ನೋಡಿ, ಇದ್ದರೆ ಸೈನ್ಔಟ್ ಮಾಡಿದ ಮೇಲೆಯೇ ಅದನ್ನು ಕೈಬಿಡಬೇಕು.