ಇಪ್ಪತ್ತರ ವಯಸ್ಸು, ಕ್ಯಾನ್ಸರ್ ಮತ್ತು ನಮ್ಮ ಶನಿವಾರದ ಗುಂಪು

ಇಪ್ಪತ್ತು ಇಪ್ಪತ್ತೈದರ ವಯಸ್ಸಿನಲ್ಲಿ ಕ್ಯಾನ್ಸರ್ ಬಂದವರಿಗೆ ಆಸ್ಪತ್ರೆಯಲ್ಲಿ ತಮ್ಮದು ಅನ್ನಿಸುವ ಜಾಗವೇ ಇರುವುದಿಲ್ಲ. ಮಕ್ಕಳ ವಾರ್ಡಿನಲ್ಲಿ ಗೋಡೆ ತುಂಬ ಕಾರ್ಟೂನ್ ಚಿತ್ರಗಳು. ದೊಡ್ಡವರ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿದವರೆಲ್ಲ ಅರವತ್ತು ದಾಟಿದವರು. "ಇಷ್ಟು ಚಿಕ್ಕ ವಯಸ್ಸಿಗೇ ಹೀಗಾಯ್ತಲ್ಲಪ್ಪಾ" ಅಂತ ಅವರು ಮರುಗುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಬೆಳಗಿಂದ ಸಂಜೆವರೆಗೆ ಅದೇ ಮಾತು ಕಿವಿಗೆ ಬಿದ್ದರೆ ಹುಡುಗ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾನೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸೋಷಿಯಲ್ ವರ್ಕರ್ ಆಗಿ ನಾನು ಇಂಥ ಬೆನ್ನುಗಳನ್ನು ಬಹಳ ನೋಡಿದ್ದೇನೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 15ರಿಂದ 39 ವರ್ಷದ ರೋಗಿಗಳನ್ನು ಬೇರೆಯೇ ಗುಂಪಾಗಿ ನೋಡುತ್ತದೆ. ಅದಕ್ಕೆ ಕಾರಣ ಇದೆ. ಈ ವಯಸ್ಸಿನಲ್ಲಿ ಬರುವ ಕ್ಯಾನ್ಸರ್‌ಗಳೇ ಬೇರೆ ರೀತಿಯವು: ಹಾಡ್ಜ್‌ಕಿನ್ ಲಿಂಫೋಮಾ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರ್, ರಕ್ತದ ಕ್ಯಾನ್ಸರ್, ಮೂಳೆಯ ಕ್ಯಾನ್ಸರ್, ವೃಷಣದ ಗಡ್ಡೆ, ಥೈರಾಯ್ಡ್. ಚಿಂತೆಗಳೂ ಬೇರೆ. ಅರವತ್ತರವರು ಮಗಳ ಮನೆ, ಮೊಮ್ಮಗನ ಶಾಲೆ ಅಂತ ಯೋಚಿಸುತ್ತಾರೆ. ಇವರಿಗೆ ಬಿಟ್ಟುಹೋದ ಸೆಮಿಸ್ಟರ್, ಈಗಷ್ಟೇ ಸೇರಿದ ಕೆಲಸ, ಬೈಕಿನ ಇಎಂಐ, ಇನ್ನೂ ಮನೆಯಲ್ಲಿ ಹೇಳದ ಪ್ರೀತಿ. ನಾಲ್ಕು ದಿನ ಹಿಂದೆ ತಾನೇ ದುಡಿದು ಮನೆಗೆ ಹಣ ಕಳಿಸುತ್ತಿದ್ದವನಿಗೆ ಈಗ ಅಮ್ಮ ಸ್ನಾನ ಮಾಡಿಸಬೇಕು. ಅದರ ನೋವು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ.

ಈ ವಯಸ್ಸಿನ ರೋಗಿಗಳು ಒಟ್ಟಿಗೆ ಕೂತು ಮಾತಾಡಲಿ ಅಂತ ನಾವು ಗುಂಪು ಶುರು ಮಾಡಿದಾಗ ಮೊದಲು ಹುಡುಕಿದ್ದು ಆಸ್ಪತ್ರೆಯ ಹೊರಗೆ ಒಂದು ಕೋಣೆ. ಆಸ್ಪತ್ರೆಯಲ್ಲೇ ಹಾಲ್ ಸಿಗುತ್ತಿತ್ತು, ಬಾಡಿಗೆ ಇಲ್ಲ, ಫ್ಯಾನು ಕುರ್ಚಿ ಎಲ್ಲ ಇದೆ. ಆದರೂ ಬೇಡ ಅಂದೆ. ಕೀಮೋ ತೆಗೆದುಕೊಂಡ ಎಷ್ಟೋ ಜನರಿಗೆ ಆಸ್ಪತ್ರೆಯ ಗೇಟು ಕಂಡರೇ, ಸ್ಪಿರಿಟ್ ವಾಸನೆ ಬಂದರೇ ಹೊಟ್ಟೆ ತೊಳೆಸುತ್ತದೆ. ಔಷಧಿ ಇನ್ನೂ ಒಳಗೆ ಹೋಗಿರುವುದಿಲ್ಲ, ಮೈ ಮಾತ್ರ ಹಿಂದಿನದನ್ನು ನೆನಪಿಟ್ಟುಕೊಂಡಿರುತ್ತದೆ. ಅಂಥವರನ್ನು ರಜೆಯ ದಿನವೂ ಅದೇ ಗೇಟಿನೊಳಗೆ ಕರೆಯುವುದು ಸರಿಯಲ್ಲ ಅಲ್ವಾ? ಕೊನೆಗೆ ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ ಪರಿಚಯದವರೊಬ್ಬರು ತಮ್ಮ ಮನೆಯ ಮಹಡಿಯ ಮೇಲಿನ ಕೋಣೆ ಬಿಟ್ಟುಕೊಟ್ಟರು. ಕಿದ್ವಾಯಿ ಆಸ್ಪತ್ರೆಯ ಧರ್ಮಶಾಲೆಯಲ್ಲಿ ಉಳಿದುಕೊಂಡವರಿಗೂ ಆಟೋದಲ್ಲಿ ಬಂದು ಹೋಗುವಷ್ಟು ಹತ್ತಿರ. ಶನಿವಾರ ಸಂಜೆ, ಚಾಪೆ, ಕೆಲವು ದಿಂಬು, ಕುದಿಸಿ ಆರಿಸಿದ ನೀರು. ಕೆಮ್ಮು ನೆಗಡಿ ಇದ್ದವರು ಆ ವಾರ ಬರುವಂತಿಲ್ಲ, ನಾನೂ ಸೇರಿ. ಕೀಮೋ ನಡೆಯುತ್ತಿರುವವರಿಗೆ ಬಿಳಿ ರಕ್ತಕಣ ಕಮ್ಮಿ ಇರುತ್ತದೆ, ನಮ್ಮ ನೆಗಡಿ ಅವರಿಗೆ ಐಸಿಯು ಆಗಬಹುದು.

ಎರಡನೇ ತೀರ್ಮಾನ ಇನ್ನೂ ಕಷ್ಟದ್ದು. ಅಪ್ಪ ಅಮ್ಮ ಒಳಗೆ ಬರುವ ಹಾಗಿಲ್ಲ. ಬಿಟ್ಟು ಹೋಗಲು ತಾಯಂದಿರಿಗೆ ಮನಸ್ಸೇ ಬರುವುದಿಲ್ಲ. "ಅವನು ಏನೂ ಮಾತಾಡಲ್ಲ ಮೇಡಂ, ನಾನೇ ಹೇಳ್ತೀನಿ" ಅನ್ನುತ್ತಾರೆ. ಅಮ್ಮ ಪಕ್ಕದಲ್ಲಿದ್ದರೆ ಅವನು ಮಾತಾಡುವುದೂ ಇಲ್ಲ, ಯಾಕೆಂದರೆ ಅಮ್ಮನ ಮುಂದೆ ಧೈರ್ಯವಾಗಿರುವುದೇ ಅವನಿಗೆ ಒಂದು ದೊಡ್ಡ ಕೆಲಸ. ಅಮ್ಮನೂ ಅವನ ಮುಂದೆ ಅಳುವುದಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ನಗುತ್ತಾ ಒಳಗೆ ಬೇಯುತ್ತಿರುತ್ತಾರೆ. ಹಾಗಾಗಿ ಕೆಳಗಿನ ವರಾಂಡದಲ್ಲಿ ಮನೆಯವರಿಗೆ ಬೇರೆ ಕೂಟ ಶುರುವಾಯಿತು. ಅಲ್ಲಿ ಅವರು ಅಳಬಹುದು, ಬೈಯಬಹುದು, ಜಮೀನು ಅಡ ಇಟ್ಟ ಕಥೆ ಹೇಳಬಹುದು. ಮೇಲೆ ಮಕ್ಕಳು ಜೋರಾಗಿ ನಕ್ಕಿದ್ದು ಕೇಳಿಸಿದಾಗ ಕೆಳಗಿನ ಮುಖಗಳು ಹೇಗೆ ಸಡಿಲವಾಗುತ್ತಿದ್ದವು ಅಂತ ನೋಡಬೇಕಿತ್ತು.

ಈ ಕೆಲಸದಲ್ಲಿ ನಾನು ಜಾಸ್ತಿ ನಂಬುವುದು ಜೋಡಿ ಹಾಕುವುದನ್ನು. ಹೊಸದಾಗಿ ಬಂದವರಿಗೆ ಅದೇ ವಯಸ್ಸಿನ, ಸಾಧ್ಯವಾದರೆ ಅದೇ ಕಾಯಿಲೆಯ, ಕೆಲವು ತಿಂಗಳು ಮುಂದೆ ಹೋಗಿರುವ ಒಬ್ಬರನ್ನು ಜೊತೆ ಮಾಡುತ್ತೇನೆ. ಹತ್ತು ವರ್ಷದ ಹಿಂದೆ ಗುಣವಾದವರು ಬೇಡ ಅಂತಲ್ಲ. ಕ್ರಿಕೆಟಿಗ ಯುವರಾಜ್ ಸಿಂಗ್ 2012ರಲ್ಲಿ ಕೀಮೋ ಮುಗಿಸಿ ಅದೇ ವರ್ಷ ಮತ್ತೆ ಭಾರತ ತಂಡಕ್ಕೆ ಆಡಿದ್ದನ್ನು ಎಲ್ಲ ನೆಂಟರೂ ಬಂದು ಹೇಳುತ್ತಾರೆ. ಅದು ಒಳ್ಳೆಯದೇ. ಆದರೆ ಕೀಮೋದ ಎರಡನೇ ಸೈಕಲ್‌ನಲ್ಲಿ (ಸುತ್ತಿನಲ್ಲಿ) ಬಾಯಿ ಹುಣ್ಣಾಗಿ ಮೊಸರನ್ನ ಕೂಡ ನುಂಗಲಾರದೆ ಕೂತ ಹುಡುಗನಿಗೆ ಬೇಕಾದವನು ಇನ್ನೂ ತಲೆಕೂದಲು ಪೂರ್ತಿ ಬಂದಿರದ, ಐದನೇ ಸೈಕಲ್‌ನ ಮತ್ತೊಬ್ಬ ಹುಡುಗ. "ಮೂರನೇ ದಿನ ತುಂಬಾ ಕಷ್ಟ ಆಗತ್ತೆ, ಆರನೇ ದಿನಕ್ಕೆ ಎದ್ದು ಕೂರ್ತೀಯ" ಅಂತ ಅವನು ಹೇಳಿದರೆ ನಂಬಿಕೆ ಬರುತ್ತದೆ. ನಾನು ಹೇಳಿದರೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಹಾವೇರಿ ಕಡೆಯ ಒಬ್ಬ ಡಿಪ್ಲೊಮಾ ಹುಡುಗನಿಗೆ ಹಾಡ್ಜ್‌ಕಿನ್ ಲಿಂಫೋಮಾ. ಅದಕ್ಕೆ ಸಾಮಾನ್ಯವಾಗಿ ಎಬಿವಿಡಿ ಅನ್ನುವ ನಾಲ್ಕು ಔಷಧಿಗಳ ಕೀಮೋ, ಎರಡು ವಾರಕ್ಕೊಮ್ಮೆ. ಅದರಲ್ಲಿ ಒಂದು ಔಷಧಿ ಕೆಂಪು ಬಣ್ಣದ್ದು. ಹಾಕಿಸಿಕೊಂಡ ಮೇಲೆ ಮೂತ್ರವೂ ಕೆಂಪಾಗುತ್ತದೆ. ನರ್ಸ್ ಹೇಳಿರುತ್ತಾರೆ, ಆದರೆ ಆ ದಿನದ ಗಾಬರಿಯಲ್ಲಿ ಯಾವುದೂ ತಲೆಗೆ ಹೋಗಿರುವುದಿಲ್ಲ. ರಾತ್ರಿ ಲಾಡ್ಜಿನ ಬಾತ್‌ರೂಮಿನಲ್ಲಿ ರಕ್ತ ಅಂದುಕೊಂಡು ಹೆದರಿ, ಅಪ್ಪನಿಗೂ ಹೇಳದೆ ಕೂತವರಿದ್ದಾರೆ. ಈ ಹುಡುಗನಿಗೆ ಮಂಡ್ಯದ ಅವನ ಜೋಡಿ ಮೊದಲೇ ಫೋನ್ ಮಾಡಿ ಅದನ್ನು ಹೇಳಿಬಿಟ್ಟಿದ್ದ. ಕೂದಲು ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ, ದಿಂಬಿನ ಮೇಲೆ ಕಂತೆ ಕಂತೆ ನೋಡುವುದಕ್ಕಿಂತ ಮುಂಚೆಯೇ ಬೋಳಿಸಿಕೋ ಅಂತಲೂ ಹೇಳಿದ್ದ. ಅವನೇ ಜೊತೆಗೆ ಹೋಗಿ ಸಲೂನಿನಲ್ಲಿ ಕೂತಿದ್ದ.

ಇನ್ನೊಂದು ವಿಷಯ ಇದೆ, ಅದನ್ನು ನಾನು ಬಿಡಿಸಿಯೇ ಬರೆಯುತ್ತೇನೆ. ಕೆಲವು ಕೀಮೋ ಔಷಧಿಗಳಿಂದ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು. ಹುಡುಗರು ಮೊದಲ ಕೀಮೋಗೆ ಮುಂಚೆಯೇ ವೀರ್ಯವನ್ನು ಬ್ಯಾಂಕಿನಲ್ಲಿ ಶೈತ್ಯದಲ್ಲಿ ಇಡಿಸಬಹುದು. ಹುಡುಗಿಯರಿಗೆ ಅಂಡಾಣು ಇಡಿಸಬೇಕಾದರೆ ಸುಮಾರು ಎರಡು ವಾರ ಹಾರ್ಮೋನ್ ಚುಚ್ಚುಮದ್ದು ಬೇಕು, ಅಷ್ಟು ದಿನ ಕಾಯಬಹುದೋ ಇಲ್ಲವೋ ಅನ್ನುವುದು ಕಾಯಿಲೆಯ ಮೇಲೆ ನಿಂತಿದೆ. ತೀವ್ರ ರಕ್ತದ ಕ್ಯಾನ್ಸರ್ ಬಹುಪಾಲು ಕಾಯುವುದಿಲ್ಲ. ಈ ಪ್ರಶ್ನೆ ಬರುವುದು ಎಲ್ಲಿ? ಓಪಿಡಿಯ ಗದ್ದಲದಲ್ಲಿ, ಅಪ್ಪ ಚಿಕ್ಕಪ್ಪ ಹಿಂದೆ ನಿಂತಿರುವಾಗ. ಮದುವೆಯಾಗದ ಹುಡುಗ ಅವರ ಮುಂದೆ ಏನು ಹೇಳಿಯಾನು? "ಏನೂ ಬೇಡ ಸರ್" ಅಂದು ಎದ್ದು ಬರುತ್ತಾನೆ. ವೃಷಣದ ಗಡ್ಡೆ ಇರುವ ಹುಡುಗರಂತೂ ಕಾಯಿಲೆಯನ್ನೇ ತಿಂಗಳುಗಟ್ಟಲೆ ನಾಚಿಕೆಯಿಂದ ಮುಚ್ಚಿಟ್ಟು ಬಂದಿರುತ್ತಾರೆ. ಆದ್ದರಿಂದ ಕೀಮೋ ಶುರುವಾಗುವ ಮೊದಲೇ ಹೊಸಬರ ಹೆಸರು ನನಗೆ ತಲುಪುವ ಹಾಗೆ ಡಾಕ್ಟರುಗಳ ಹತ್ತಿರ ಕೇಳಿಕೊಂಡೆ. ಜೋಡಿಯವನು ಅವನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಮಾತಾಡುತ್ತಾನೆ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಕೆಲಸ ಆಗುತ್ತದೆ. ಆಮೇಲೆ ನಾನು ಡಾಕ್ಟರ ಜೊತೆ ಮನೆಯವರಿಲ್ಲದ ಐದು ನಿಮಿಷ ಕೊಡಿಸುತ್ತೇನೆ. ಈ ಒಂದು ಕಾರಣಕ್ಕಾದರೂ ಇಂಥ ಗುಂಪು ಪ್ರತಿ ಕ್ಯಾನ್ಸರ್ ಆಸ್ಪತ್ರೆಯ ಸುತ್ತ ಇರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ರಕ್ತದ ಕ್ಯಾನ್ಸರ್‌ನವರದು ಇನ್ನೊಂದು ಲೋಕ. ಎಎಲ್‌ಎಲ್ ಅನ್ನುವ ತೀವ್ರ ರಕ್ತದ ಕ್ಯಾನ್ಸರ್‌ನ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಸ್ಟೀರಾಯ್ಡ್ ಮಾತ್ರೆಯ ವಾರಗಳಲ್ಲಿ ಮುಖ ಊದುತ್ತದೆ, ಸಿಕ್ಕಾಪಟ್ಟೆ ಹಸಿವು, ನಿದ್ದೆ ಇಲ್ಲ, ಸಣ್ಣ ಮಾತಿಗೂ ಸಿಟ್ಟು. ಒಬ್ಬ ಹುಡುಗಿ ತಟ್ಟೆ ಎಸೆದು ಅಮ್ಮನಿಗೆ ಬೈದು, ಆಮೇಲೆ ಇಡೀ ರಾತ್ರಿ ಅತ್ತಿದ್ದಳು. "ನಾನು ಇಂಥವಳಲ್ಲ ಅಕ್ಕ" ಅಂತ ಶನಿವಾರ ಹೇಳಿದಾಗ ಚಾಪೆಯ ಮೇಲಿದ್ದ ಮೂವರು ಒಟ್ಟಿಗೆ "ನಾವೂ ಎಸೆದಿದ್ದೀವಿ" ಅಂದರು. ಕೆಳಗೆ ಅವಳ ಅಮ್ಮನಿಗೂ ಅದೇ ಹೊತ್ತಿಗೆ ಬೇರೆ ತಾಯಂದಿರು ಮಾತ್ರೆಯ ವಿಷಯ ಹೇಳುತ್ತಿದ್ದರು.

ಭಾಷೆಯ ಬಗ್ಗೆ ಒಂದು ಮಾತು. ಬೆಂಗಳೂರಿನ ಐಟಿ ಹುಡುಗರು ಬಂದಾಗ ಮಾತು ತಾನಾಗಿ ಇಂಗ್ಲಿಷಿಗೆ ಜಾರುತ್ತದೆ. ಆಗ ರಾಯಚೂರು, ಕೊಪ್ಪಳದಿಂದ ಬಂದವರು ಸುಮ್ನೆ ಫೋನ್ ನೋಡುತ್ತಾ ಕೂರುತ್ತಾರೆ. ಹಾಗಾಗಿ ಕನ್ನಡದಲ್ಲೇ ಶುರು ಮಾಡುತ್ತೇವೆ, ಬಾರದವರಿಗೆ ಪಕ್ಕದವರು ಹೇಳುತ್ತಾರೆ. ಇದರಿಂದ ಒಂದು ಲಾಭವಾಯಿತು. ಸರ್ಕಾರಿ ಕಾಗದಪತ್ರದ ತಿಳಿವಳಿಕೆ ಹಳ್ಳಿಯಿಂದ ಬಂದವರಿಗೇ ಜಾಸ್ತಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರಬಹುದು. ಆದರೆ ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಉಚಿತ, ಜೊತೆಗೆ ಬರುವ ಒಬ್ಬರಿಗೆ ಶೇಕಡ 75 ರಿಯಾಯಿತಿ, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು ಅಂತ ಗುಂಪಿಗೆಲ್ಲ ಹೇಳಿಕೊಟ್ಟಿದ್ದು ಯಾದಗಿರಿಯ ಒಬ್ಬ ಹುಡುಗಿ.

ವಾಟ್ಸಾಪ್ ಗುಂಪೂ ಇದೆ. ಅದಕ್ಕೆ ಕಟ್ಟುನಿಟ್ಟು ಮಾಡಿದ್ದೇನೆ. ಮನೆಮದ್ದಿನ ಫಾರ್ವರ್ಡ್ ಬೇಡ. ಒಬ್ಬರ ರಿಪೋರ್ಟನ್ನು ಇನ್ನೊಬ್ಬರು ಓದಿ ಅರ್ಥ ಹೇಳುವುದು ಬೇಡ. ಕೀಮೋ ನಡೆಯುವಾಗ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಗುಂಪಿನಲ್ಲಿ ಕೇಳುತ್ತಾ ಕೂರದೆ, ಡೋಲೋ ನುಂಗಿ ಬೆಳಗಾಗಲಿ ಅನ್ನದೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಉಳಿದದ್ದೆಲ್ಲ ಹಾಕಬಹುದು. ರಾತ್ರಿ ಎರಡು ಗಂಟೆಗೆ "ಯಾರಾದ್ರೂ ಎದ್ದಿದ್ದೀರಾ" ಅಂತ ಒಬ್ಬರು ಹಾಕಿದರೆ ಯಾರಾದರೂ ಎದ್ದೇ ಇರುತ್ತಾರೆ. ಸ್ಕ್ಯಾನ್ ಹಿಂದಿನ ರಾತ್ರಿಗಳಲ್ಲಿ ಆ ಒಂದು ಸಾಲಿಗೆ ಬರುವ ಉತ್ತರ ಎಷ್ಟು ದೊಡ್ಡದು ಅಂತ ಅನುಭವಿಸಿದವರಿಗೇ ಗೊತ್ತು.

ಚಿಕಿತ್ಸೆ ಮುಗಿದ ಮೇಲೆ ಗುಂಪು ಬೇಕಾಗುವುದಿಲ್ಲ ಅಂತ ಜನ ತಿಳಿಯುತ್ತಾರೆ. ಎಷ್ಟೋ ಜನ ಕುಸಿಯುವುದು ಆಗಲೇ. ಮನೆಯವರು ಸಿಹಿ ಹಂಚಿ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ. ಇವನಿಗೆ ಮೊದಲೆರಡು ವರ್ಷ ಕೆಲವು ತಿಂಗಳಿಗೊಮ್ಮೆ ಚೆಕಪ್, ಸಣ್ಣ ಗಂಟು ಕೈಗೆ ಸಿಕ್ಕರೂ ಎದೆ ಧಸಕ್ಕೆನ್ನುತ್ತದೆ. ಬಯೋಡೇಟಾದಲ್ಲಿ ಖಾಲಿ ಬಿದ್ದ ವರ್ಷಕ್ಕೆ ಏನು ಕಾರಣ ಬರೆಯುವುದು? ಹೆಣ್ಣು ನೋಡಲು ಹೋಗುವಾಗ ಹೇಳಬೇಕೋ ಬೇಡವೋ? ಮನೆಯ ಹಿರಿಯರು "ಗುಣ ಆಗಿದೆಯಲ್ಲ, ಯಾಕೆ ಹೇಳಬೇಕು" ಅನ್ನುತ್ತಾರೆ. ಇದರ ಬಗ್ಗೆ ನಮ್ಮಲ್ಲಿ ಬಿಸಿ ಬಿಸಿ ವಾದ ಆಗಿದೆ. ಮುಚ್ಚಿಟ್ಟು ಮದುವೆಯಾಗಬೇಡಿ, ಆದರೆ ಮೊದಲ ಭೇಟಿಯಲ್ಲೇ ಕೇಸ್ ಫೈಲ್ ಬಿಚ್ಚಬೇಕಾಗಿಯೂ ಇಲ್ಲ ಅಂತ ನಾನು ಹೇಳುತ್ತೇನೆ. ಎಲ್ಲರೂ ಒಪ್ಪುವುದಿಲ್ಲ.

ಈಗ ಸಾವಿನ ವಿಷಯ. ಇಂಥ ಗುಂಪು ನಡೆಸುವವರು ಇದಕ್ಕೆ ತಯಾರಾಗಿರಲೇಬೇಕು. ಒಬ್ಬರು ಹೋದಾಗ ಸುದ್ದಿಯನ್ನು ವಾಟ್ಸಾಪಿನಲ್ಲಿ ಹಾಕುವುದಿಲ್ಲ. ಮನೆಯವರ ಒಪ್ಪಿಗೆ ಕೇಳಿ, ಅವರ ಜೋಡಿಗೆ ಮೊದಲು ನಾನೇ ಎದುರು ಕೂತು ಹೇಳುತ್ತೇನೆ, ಉಳಿದವರಿಗೆ ಒಬ್ಬೊಬ್ಬರಿಗೆ ಫೋನ್ ಮಾಡುತ್ತೇನೆ. ಆ ಶನಿವಾರ ಹೋದವರ ಹೆಸರು ಹೇಳಿಯೇ ಶುರು ಮಾಡುತ್ತೇವೆ. ಅವರ ಜಗಳ, ಅವರ ತಮಾಷೆ, ಅವರು ಕೊಡದೆ ಉಳಿಸಿಕೊಂಡ ಹೆಡ್‌ಫೋನ್ ಎಲ್ಲ ಬರುತ್ತದೆ. ಕಾಯಿಲೆ ಮರುಕಳಿಸಿದವರು ಗುಂಪಿಗೆ ಬರುವುದನ್ನೇ ಬಿಡುತ್ತಾರೆ, ಬೇರೆಯವರಿಗೆ ಹೆದರಿಕೆಯಾಗುತ್ತದೆ ಅಂತ. ಅವರನ್ನು ನಾನು ಬಿಡುವುದಿಲ್ಲ. ಒಬ್ಬ ಹುಡುಗಿ ಕೊನೆಯ ದಿನಗಳನ್ನು ಕರುಣಾಶ್ರಯದಲ್ಲಿ ಕಳೆದಳು. 1999ರಿಂದ ಬೆಂಗಳೂರಿನಲ್ಲಿ ಉಚಿತವಾಗಿ ಆರೈಕೆ ಮಾಡುತ್ತಿರುವ ಹಾಸ್ಪಿಸ್ ಅದು, ಅಂದರೆ ಗುಣವಾಗದವರನ್ನು ಕೊನೆಯವರೆಗೆ ನೋಡಿಕೊಳ್ಳುವ ಜಾಗ. ಗುಂಪಿನವರು ಇಬ್ಬಿಬ್ಬರಾಗಿ ಹೋಗಿ ಅವಳ ಉಗುರಿಗೆ ಬಣ್ಣ ಹಚ್ಚಿ ಬಂದರು. ಹೋಗಲಾಗದವರನ್ನು ಯಾರೂ ಯಾಕೆ ಅಂತ ಕೇಳಲಿಲ್ಲ.

ಗುಂಪಿನಿಂದ ಎಲ್ಲವೂ ಆಗುವುದಿಲ್ಲ. ಸಂಕಟವನ್ನು 0ರಿಂದ 10ರ ಅಳತೆಯಲ್ಲಿ ಗುರುತು ಹಾಕಲು ಹೇಳುವ ಒಂದು ಚೀಟಿ ಇದೆ, ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬಳಸುವಂಥದ್ದು. 4 ಅಥವಾ ಮೇಲೆ ಬಂದರೆ ಆ ವ್ಯಕ್ತಿಯ ಜೊತೆ ಪ್ರತ್ಯೇಕವಾಗಿ ಕೂರುತ್ತೇನೆ. ಊಟ ನಿದ್ದೆ ಬಿಟ್ಟವರು, ಸಾಯಬೇಕು ಅನ್ನುವವರು ಇದ್ದರೆ ಮನೋವೈದ್ಯರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಊರಿಗೆ ಮರಳಿದವರ ಫೋನಿನಲ್ಲಿ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರ್ ಹಾಕಿಸಿಯೇ ಕಳಿಸುತ್ತೇನೆ. ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

2025ರಿಂದ ರಾಜ್ಯದ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲೇ ಡೇ ಕೇರ್ ಕೀಮೋ, ಅಂದರೆ ಹಗಲಲ್ಲೇ ಕೀಮೋ ಹಾಕಿಸಿಕೊಂಡು ಮನೆಗೆ ಹೋಗುವ ವ್ಯವಸ್ಥೆ ಶುರುವಾಗಿದೆ. ರಾತ್ರಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬರುವುದು ತಪ್ಪುತ್ತದೆ, ತುಂಬಾ ಸಂತೋಷ. ಆದರೆ ಕೋಲಾರದಲ್ಲೋ ಇನ್ನೊಂದು ಜಿಲ್ಲೆಯಲ್ಲೋ ಕೀಮೋ ತೆಗೆದುಕೊಳ್ಳುವ ಇಪ್ಪತ್ತೆರಡರ ಹುಡುಗಿಗೆ ಅಲ್ಲಿ ತನ್ನ ವಯಸ್ಸಿನ ಇನ್ನೊಬ್ಬರು ಸಿಗುವುದೇ ಇಲ್ಲದಿರಬಹುದು. ಅಂಥ ಕಡೆ ಕೆಲಸ ಮಾಡುವ ನರ್ಸ್, ಕೌನ್ಸೆಲರ್ ಯಾರಾದರೂ ಇದನ್ನು ಓದುತ್ತಿದ್ದರೆ, ಕೋಣೆ ಚಾಪೆ ಎಲ್ಲ ಆಮೇಲೆ ನೋಡಿಕೊಳ್ಳಿ. ರಿಜಿಸ್ಟರಿನಲ್ಲಿ ಮೂವತ್ತೈದರೊಳಗಿನವರ ಹೆಸರು ಹುಡುಕಿ. ಇಬ್ಬರು ಸಿಕ್ಕರೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಒಪ್ಪಿದರೆ ಮಾತ್ರ ನಂಬರ್ ಕೊಡಿ. ಒಂದೇ ದಿನ ಕೀಮೋ ಬರುವ ಹಾಗೆ ತಾರೀಕು ಹೊಂದಿಸಲು ಡಾಕ್ಟರನ್ನು ಕೇಳಿ, ಸಾಧ್ಯವಾದರೆ ಕುರ್ಚಿಗಳನ್ನು ಪಕ್ಕಪಕ್ಕ ಹಾಕಿಸಿ.