ವರ್ಷದ ಮೆಚ್ಚಿನ ಟಿವಿ ಕಾರ್ಯಕ್ರಮಗಳ ಪಟ್ಟಿ: ನಮ್ಮ ಮನೆಯಲ್ಲಿ ಮಾಡುವ ಕ್ರಮ

ಈ ವರ್ಷ ನಿಮಗೆ ಯಾವ ಧಾರಾವಾಹಿ ಇಷ್ಟವಾಯ್ತು ಅಂತ ಡಿಸೆಂಬರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ದೀಪಾವಳಿ ಆದ ಮೇಲೆ ನೋಡಿದ್ದನ್ನೇ ಹೇಳುತ್ತಾರೆ. ಯುಗಾದಿ ಹೊತ್ತಿನಲ್ಲಿ ಒಲೆ ಮೇಲಿನ ಸಾರು ಮರೆತು ನೋಡಿದ ಕಂತು ಅಷ್ಟರಲ್ಲಿ ಯಾರ ತಲೆಯಲ್ಲೂ ಇರುವುದಿಲ್ಲ. ವರ್ಷವಿಡೀ ಜೀವ ತೇಯ್ದು ಅಭಿನಯಿಸಿದವರಿಗೆ ಇದು ಅನ್ಯಾಯ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ನಾನು ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯವಳು. ವರ್ಷದ ಕೊನೆಗೆ ಪಟ್ಟಿ ಮಾಡಿ ನೆಂಟರಿಷ್ಟರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸುವ ರೂಢಿ ಇದೆ. ಈ ಸಲ ತಂಗಿ ಮಗಳು, "ದೊಡ್ಡಮ್ಮ, ಬರೀ ಪಟ್ಟಿ ಕಳಿಸಬೇಡಿ, ಅದನ್ನ ಹೆಂಗೆ ಮಾಡ್ತೀರಿ ಅಂತನೂ ಬರೀರಿ" ಅಂದಳು.

ಮೊದಲ ಕೆಲಸ ಜನವರಿಯಲ್ಲೇ ಆಗಬೇಕು. ಸೊಸೈಟಿಯವರು ಕೊಡುವ ಕ್ಯಾಲೆಂಡರನ್ನು ಟಿವಿ ಪಕ್ಕದ ಮೊಳೆಗೆ ಹಾಕಿ, ದಾರದಲ್ಲಿ ಒಂದು ಪೆನ್ನು ಕಟ್ಟಿಬಿಡಿ. ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಒಂದು ಸಾಲಿಗೆ ಜಾಗ ಸಿಗುತ್ತದೆ. ಕಂತು ಮನಸ್ಸಿಗೆ ಹಿಡಿಸಿದ ರಾತ್ರಿಯೇ ಬರೆಯಬೇಕು, ನಾಳೆ ಅಂದರೆ ನಾಳೆಯ ಕಂತು ಬಂದು ಇವತ್ತಿನದನ್ನು ಅಳಿಸಿಹಾಕುತ್ತದೆ. ಕತೆ ಬರೆಯಬೇಡಿ. "ಇವತ್ತು ಸೂಪರ್" ಅಂತಲೂ ಬರೆಯಬೇಡಿ, ಡಿಸೆಂಬರಿನಲ್ಲಿ ಅದನ್ನು ಓದಿದರೆ ಏನೂ ಹೊಳೆಯುವುದಿಲ್ಲ. ಯಾರು ಮಾಡಿದರು, ಏನು ಮಾಡಿದರು, ನೋಡಿದವರಿಗೆ ಏನಾಯಿತು ಅನ್ನುವುದು ಬಂದರೆ ಸಾಕು. ನನ್ನ 2024ರ ಕ್ಯಾಲೆಂಡರಿನ ಕೊನೆಯ ಹಾಳೆಗಳಲ್ಲಿ ಹೀಗೊಂದು ಸಾಲಿದೆ: "ಪುಟ್ಟಕ್ಕ. ಸ್ನೇಹಾ ಹೋದಳು. ಉಮಾಶ್ರೀ ಮುಖ ನೋಡಲಿಕ್ಕೆ ಆಗಲಿಲ್ಲ. ಅತ್ತೆ ತಟ್ಟೆ ಬಿಟ್ಟು ಎದ್ದರು." ಜೀ ಕನ್ನಡದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೆಸ್ ನಡೆಸುವ ತಾಯಿಯ ನಡುವಿನ ಮಗಳು, ಓದಿ ಜಿಲ್ಲಾಧಿಕಾರಿ ಆದವಳು, ಸತ್ತ ವಾರ ಅದು. ಆ ಒಂದು ಸಾಲು ಓದಿದರೆ ಸಾಕು, ಆ ವಾರದ ಸಂಜೆಗಳು ಪೂರ್ತಿ ನೆನಪಾಗುತ್ತವೆ.

ಇನ್ನು ನಿಜವಾಗಿ ಕಷ್ಟದ ಭಾಗ. ನಮ್ಮ ಧಾರಾವಾಹಿಗಳು ವರ್ಷಗಟ್ಟಲೆ ನಡೆಯುವಂಥವು. 'ಪುಟ್ಟಕ್ಕನ ಮಕ್ಕಳು' ಶುರುವಾದದ್ದು 2021ರ ಡಿಸೆಂಬರಿನಲ್ಲಿ, ಕಲರ್ಸ್ ಕನ್ನಡದ 'ಭಾಗ್ಯಲಕ್ಷ್ಮಿ' 2022ರ ಅಕ್ಟೋಬರಿನಲ್ಲಿ. ಸೋಮವಾರದಿಂದ ಶುಕ್ರವಾರ ಅಂತ ಹಿಡಿದರೂ ವರ್ಷಕ್ಕೆ 250ಕ್ಕೂ ಮೇಲೆ ಕಂತುಗಳಾಗುತ್ತವೆ. ಅಷ್ಟೂ ಒಂದೇ ಹದದಲ್ಲಿ ಇರಲಿ ಅಂತ ಬಯಸುವುದೇ ತಪ್ಪು. ನಡುವೆ ಕಲಾವಿದರು ಬಿಟ್ಟು ಹೋಗುತ್ತಾರೆ, ಹೊಸಬರು ಬರುತ್ತಾರೆ, ಸಮಯ ಬದಲಾಗುತ್ತದೆ, ಹಬ್ಬಕ್ಕೆಂದು ಎರಡು ಧಾರಾವಾಹಿಗಳ ಮನೆಯವರನ್ನು ಒಂದೇ ಕಡೆ ಸೇರಿಸಿ ಮಹಾಸಂಚಿಕೆ ಮಾಡುತ್ತಾರೆ. ಹಾಗಾಗಿ ಧಾರಾವಾಹಿಯನ್ನು ಇಡಿಯಾಗಿ ತೂಗಬೇಡಿ. ಅದರ ಒಂದು ಒಳ್ಳೆಯ ಓಟವನ್ನು ಹಿಡಿಯಿರಿ. ಒಂದು ವಿಷಯ ಎತ್ತಿಕೊಂಡು ಎರಡು ಮೂರು ವಾರ ಎಲ್ಲೂ ಜಾರದೆ ನಡೆಸಿದರೆ ಅದು ಓಟ. ಪಟ್ಟಿಯಲ್ಲಿ ಧಾರಾವಾಹಿಯ ಹೆಸರಿನ ಜೊತೆಗೆ ಆ ಓಟವನ್ನೂ ಬರೆಯಿರಿ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ 2023ರ ಪಟ್ಟಿಯಲ್ಲಿ ಬರೀ 'ಭಾಗ್ಯಲಕ್ಷ್ಮಿ' ಅಂತ ಇಲ್ಲ. "ಭಾಗ್ಯ ಮಗಳ ಜೊತೆ ಹತ್ತನೇ ಕ್ಲಾಸಿಗೆ ಹೋದದ್ದು" ಅಂತಿದೆ. ಸಂಸಾರ ಕಟ್ಟಿಕೊಂಡು ಇಷ್ಟು ವರ್ಷ ಆದ ಮೇಲೆ ಹೆಂಗಸೊಬ್ಬಳು ಬೆಂಚಿನ ಮೇಲೆ ಕೂರುವುದನ್ನು ಸುಷ್ಮಾ ರಾವ್ ಮಾಡಿದ ರೀತಿ ನಮ್ಮಲ್ಲಿ ಎಷ್ಟೋ ಜನರಿಗೆ ನೇರ ಒಳಗೇ ತಾಗಿತು. ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟು ಮದುವೆಯಾಗಿ ಬಂದವರು ನಮ್ಮ ಕೇರಿಯಲ್ಲಿ ಮನೆಗೊಬ್ಬರಿದ್ದಾರೆ. ಅದೇ ಧಾರಾವಾಹಿಯಲ್ಲಿ ಆಮೇಲೆ ಎಳೆದಾಡಿದ ವಾರಗಳೂ ಇದ್ದವು. ಅವು ಈ ಓಟದ ಬೆಲೆಯನ್ನು ಕಡಿಮೆ ಮಾಡುವುದಿಲ್ಲ.

ಪಾತ್ರ ಕಂಡರೆ ಮೈ ಉರಿಯುತ್ತದೆ, ಆದರೆ ಟಿವಿ ಮುಂದಿಂದ ಏಳಲೂ ಆಗುವುದಿಲ್ಲ ಅಂದಾಗ ಏನು ಮಾಡುವುದು? 2024ರ ಜನವರಿಯಲ್ಲಿ ಶುರುವಾದ 'ಲಕ್ಷ್ಮೀ ನಿವಾಸ'ದಲ್ಲಿ ಜಯಂತ್ ಇದ್ದಾನಲ್ಲ, ಹೆಂಡತಿಯನ್ನು "ಚಿನ್ನುಮರಿ" ಅಂತ ಕರೆಯುತ್ತಲೇ ಅವಳಿಗೆ ಉಸಿರುಗಟ್ಟಿಸುವವನು. ಅವನನ್ನು ಬರೆದುಕೊಂಡಾಗ ನಮ್ಮ ಅತ್ತೆ, "ಆ ಪ್ರಾಣಿನ ಮೆಚ್ಚಿನ ಪಟ್ಟಿಗೆ ಹಾಕ್ತೀಯೇನೆ ಮಾರಾಯ್ತಿ?" ಅಂತ ಗದರಿದರು. ನಾನು ಬರೆದದ್ದು ಜಯಂತನನ್ನಲ್ಲ, ಆ ಪಾತ್ರ ಮಾಡಿದ ದೀಪಕ್ ಸುಬ್ರಹ್ಮಣ್ಯ ಅವರನ್ನು. ಅತಿ ಪ್ರೀತಿ ಅಂದರೆ ಏನೆಂದು ಊರಿನ ಹುಡುಗಿಯರಿಗೆ ಇಷ್ಟು ಸ್ಪಷ್ಟವಾಗಿ ಬೇರೆ ಯಾರೂ ತೋರಿಸಿರಲಿಲ್ಲ. ಅದಕ್ಕೇ ಪಟ್ಟಿಯಲ್ಲಿ ಕಲಾವಿದರಿಗೆ ಬೇರೆಯೇ ಒಂದು ಭಾಗ ಇಟ್ಟುಕೊಳ್ಳಿ. ಧಾರಾವಾಹಿ ಸೋತ ವರ್ಷವೂ ಅದರಲ್ಲೊಬ್ಬರು ಗೆದ್ದಿರುತ್ತಾರೆ.

ಮಳೆಗಾಲದ್ದು ನಮ್ಮ ಕಡೆಯವರು ಮಾತ್ರ ಯೋಚಿಸಬೇಕಾದ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಡಿಶ್‌ಗೆ ಉಪಗ್ರಹದಿಂದ ಬರುವ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಅಷ್ಟೇ. ದಪ್ಪ ಹನಿಯ ಮಳೆ ಅದನ್ನು ಹೀರಿ ಚದುರಿಸುತ್ತದೆ. ಪುನರ್ವಸು, ಪುಷ್ಯ ಮಳೆಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುವುದು ಇದಕ್ಕೇ. ಮೇ ತಿಂಗಳಲ್ಲೇ ಡಿಶ್‌ಗೆ ಅಡ್ಡ ಬರುವ ಕೊಂಬೆ ಕಡಿಸಿ, ಕೇಬಲ್ ಕೂಡುವ ಜಾಗಕ್ಕೆ ನೀರು ಇಳಿಯದ ಹಾಗೆ ಟೇಪು ಸುತ್ತಿಸಿ. ಅಷ್ಟು ಮಾಡಿದರೂ ಜುಲೈ, ಆಗಸ್ಟಿನ ಎಷ್ಟೋ ಕಂತುಗಳು ತಪ್ಪುತ್ತವೆ. ತಪ್ಪಿದ ದಿನದ ಚೌಕದಲ್ಲಿ "ಕಾಣಲಿಲ್ಲ" ಅಂತ ಬರೆದಿಡಿ. ಆಮೇಲೆ ಪೇಟೆಗೆ ಹೋದಾಗಲೋ, ಗುಡ್ಡದ ನೆತ್ತಿಯಲ್ಲಿ ನೆಟ್‌ವರ್ಕ್ ಸಿಕ್ಕಾಗಲೋ ಫೋನಿನಲ್ಲಿ ಇಳಿಸಿಕೊಂಡು ನೋಡಿ. ಮರುದಿನದ ಮರುಪ್ರಸಾರವೂ ಇದೆ. ಕಾಣದ ವಾರಗಳನ್ನು ಕೆಟ್ಟ ವಾರಗಳು ಅಂತ ಲೆಕ್ಕ ಹಾಕಬೇಡಿ.

ವರ್ಷದ ಗಡಿ ದಾಟುವ ಕಾರ್ಯಕ್ರಮಕ್ಕೆ ಒಂದು ನಿಯಮ ಇರಲಿ. ಬಿಗ್ ಬಾಸ್ ಕನ್ನಡದ 11ನೇ ಸೀಸನ್ 2024ರ ಸೆಪ್ಟೆಂಬರ್ 29ಕ್ಕೆ ಶುರುವಾಗಿ 2025ರ ಜನವರಿ 26ಕ್ಕೆ ಮುಗಿಯಿತು. ಕೊನೆಯ ಕಂತು ಯಾವ ವರ್ಷ ಬಂತೋ ಆ ವರ್ಷಕ್ಕೆ ಸೇರಿಸಿ. ವೈಲ್ಡ್ ಕಾರ್ಡ್‌ನಲ್ಲಿ ಒಳಗೆ ಹೋಗಿ ಗೆದ್ದ ಹಾವೇರಿ ಜಿಲ್ಲೆಯ ಹನುಮಂತ ಹಾಗಾಗಿ ನನ್ನ 2025ರ ಪಟ್ಟಿಯಲ್ಲಿದ್ದಾರೆ.

ಟಿಆರ್‌ಪಿಯನ್ನು ಮಾತ್ರ ಪಟ್ಟಿಯ ಹತ್ತಿರ ಬಿಟ್ಟುಕೊಳ್ಳಬೇಡಿ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಅಂತ ಅಳೆಯುವ ಬಾರ್ಕ್ ಸಂಸ್ಥೆ ಕೆಲವು ಆಯ್ದ ಮನೆಗಳ ಟಿವಿಗೆ ಮೀಟರ್ ಜೋಡಿಸಿ ವಾರಕ್ಕೊಮ್ಮೆ ಅಂಕಿ ಕೊಡುತ್ತದೆ. ಜಾಹೀರಾತಿನವರಿಗೆ ಅದು ಬೇಕು. ಟಿವಿ ಹಾಕಿತ್ತು ಅನ್ನುವುದು ಅದರಿಂದ ತಿಳಿಯುತ್ತದೆ, ಮನೆಯವರ ಕಣ್ಣು ಒದ್ದೆಯಾಗಿತ್ತೋ ಇಲ್ಲವೋ ಅದಕ್ಕೆ ಹೇಗೆ ಗೊತ್ತಾಗಬೇಕು?

ಧಾರಾವಾಹಿಯಲ್ಲದ್ದನ್ನು ಮರೆಯಬೇಡಿ. ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ 'ಥಟ್ ಅಂತ ಹೇಳಿ' 2002ರಿಂದ ಬರುತ್ತಿದೆ. ಸರಿ ಉತ್ತರಕ್ಕೆ ಪುಸ್ತಕ ಕೊಡುವ ಕಾರ್ಯಕ್ರಮ. ಗದ್ದಲವಿಲ್ಲದೆ ನಡೆಯುವುದರಿಂದ ವರ್ಷದ ಪಟ್ಟಿ ಮಾಡುವಾಗ ಇಂಥವೇ ಬಿಟ್ಟುಹೋಗುತ್ತವೆ. ಫೋನಿನಲ್ಲಿ ನೋಡುವ ವೆಬ್ ಸರಣಿಗಳಿಗೂ ಬೇರೆ ಸಾಲು ಬೇಕು. ಕೆಲವೇ ಕಂತಿನಲ್ಲಿ ಮುಗಿಯುವ ಕತೆಯನ್ನು ವರ್ಷಪೂರ್ತಿ ನಡೆದದ್ದರ ಪಕ್ಕ ನಿಲ್ಲಿಸಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಜೀ5ರಲ್ಲಿ ಬಂದ, ರಮೇಶ್ ಇಂದಿರಾ ನಿರ್ದೇಶನದ 'ಅಯ್ಯನ ಮನೆ' ನನ್ನ ಆ ಸಾಲಿನಲ್ಲಿ ಮೊದಲನೆಯದು. ಚಿಕ್ಕಮಗಳೂರು ಕಡೆಯ ದೊಡ್ಡ ಮನೆಗೆ ಸೊಸೆಯಾಗಿ ಬಂದ ಹುಡುಗಿಯ ಕತೆ, ಖುಷಿ ರವಿ ಮಾಡಿದ್ದಾರೆ. ನಮ್ಮ ಕಡೆಯ ಮನೆ ಪರದೆ ಮೇಲೆ ಕಂಡರೆ ಅರ್ಧ ಮೆಚ್ಚುಗೆ ಅಲ್ಲಿಗೇ ಹೋಗುತ್ತದೆ. ಹಾಗಿದ್ದರೆ ಹಾಗೇ ಬರೆಯಿರಿ, "ಮನೆ ನೋಡಿ ಇಷ್ಟವಾಯ್ತು" ಅಂತ. ಆಗುಂಬೆಯ ದೊಡ್ಡಮನೆಯಲ್ಲಿ, ಅರಸಾಳು ರೈಲು ನಿಲ್ದಾಣದಲ್ಲಿ ಶಂಕರ್‌ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' 1986ರಲ್ಲಿ ದೂರದರ್ಶನದಲ್ಲಿ ಬಂದದ್ದು. ನಾವು ಇವತ್ತಿಗೂ ಅದನ್ನು ಹಾಕಿಕೊಂಡು ನೋಡುತ್ತೇವೆ. ಅಂಥದ್ದಕ್ಕೆ ಪಟ್ಟಿಯ ಕೆಳಗೆ "ಮತ್ತೆ ನೋಡಿದ್ದು" ಅಂತ ಒಂದು ಸಾಲು ಸಾಕು, ಹೊಸಬರ ಜಾಗ ಅದಕ್ಕೆ ಕೊಡಬೇಡಿ.

ಕೊನೆಯ ಆಯ್ಕೆಗೆ ನಮ್ಮಲ್ಲಿ ಒಳ್ಳೆಯ ಕಾಲ ತಾನಾಗೇ ಬರುತ್ತದೆ. ಅಡಿಕೆ ಗೊನೆಯ ಕೊಯ್ಲು ಶುರುವಾಗಿ ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿತ ನಡೆಯುವ ತಿಂಗಳುಗಳೇ ವರ್ಷದ ಕೊನೆಯ ತಿಂಗಳುಗಳು. ಟಿವಿಯನ್ನು ಜಗಲಿ ಕಡೆ ತಿರುಗಿಸಿಕೊಂಡು ಎಲ್ಲರೂ ಮೆಟ್ಟುಗತ್ತಿ ಹಿಡಿದು ಕೂರುತ್ತೇವೆ. ಕಣ್ಣು ಕತ್ತಿಯ ಮೇಲೇ ಇರಬೇಕು, ಬೆರಳಿನ ವಿಷಯ. ಹಾಗಾಗಿ ಆ ದಿನಗಳಲ್ಲಿ ಧಾರಾವಾಹಿಯನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಕೇಳುವಾಗ ಸಂಭಾಷಣೆಯ ಬಂಡವಾಳ ಬಯಲಾಗುತ್ತದೆ. ಒಂದೇ ಮುಖವನ್ನು ಮೂರು ಸಲ ಸಿಡಿಲಿನ ಸದ್ದಿನ ಜೊತೆ ತೋರಿಸುವ ದೃಶ್ಯ ಕಿವಿಗೆ ಬರೀ ಸದ್ದು. ಮಾತು ಚೆನ್ನಾಗಿದ್ದರೆ ಕತೆ ಕತ್ತಿಯ ಸದ್ದಿನ ನಡುವೆಯೂ ಸಾಗುತ್ತದೆ. ಇನ್ನೂ ಚೆನ್ನಾಗಿದ್ದರೆ ಎಲ್ಲರ ಕೈ ಒಟ್ಟಿಗೇ ನಿಲ್ಲುತ್ತದೆ, ತಲೆ ಎತ್ತುತ್ತಾರೆ. ನಾನು ನಂಬುವ ಪರೀಕ್ಷೆ ಅದೊಂದೇ. ನಿಮ್ಮ ಮನೆಯಲ್ಲಿ ಸುಲಿತ ಇಲ್ಲದಿದ್ದರೆ ಅವರೆಕಾಯಿ ಬಿಡಿಸುವಾಗಲೋ ಬಟ್ಟೆ ಮಡಚುವಾಗಲೋ ಗಮನಿಸಿ, ಕೈ ಯಾವಾಗ ನಿಂತಿತು ಅಂತ.

ಆಗ ಕ್ಯಾಲೆಂಡರ್ ಕೆಳಗಿಳಿಸಿ ಜನವರಿಯಿಂದ ಒಂದೊಂದೇ ಸಾಲು ಗಟ್ಟಿಯಾಗಿ ಓದಿ. ಸುಲಿತಕ್ಕೆ ಬಂದವರನ್ನೂ ಕೇಳಿ. ಅದೇ ಧಾರಾವಾಹಿಯನ್ನು ಅವರು ಅವರ ಮನೆಯಲ್ಲಿ ನೋಡಿರುತ್ತಾರೆ, ಅವರ ನೆನಪು ಬೇರೆಯದೇ ಇರುತ್ತದೆ. ಸಾಲು ಓದಿದ ಕೂಡಲೇ ಯಾರಾದರೂ "ಹೌದೌದು, ಅವತ್ತು..." ಅಂತ ಮುಂದುವರಿಸಿದರೆ ಅದು ಉಳಿಯಲಿ. ಯಾರಿಗೂ ನೆನಪಾಗದ್ದನ್ನು ಬಿಡಿ. ಒಣಗಿದ ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡುವ ಹಾಗೆ ಉಳಿದದ್ದನ್ನು ಗುಂಪು ಮಾಡಿದರೆ ಆಯಿತು, ಒಂದು ಎರಡು ಮೂರು ಅಂತ ನಂಬರು ಹಾಕಲೇಬೇಕು ಅಂತಿಲ್ಲ. ಹತ್ತು ಆಗಬೇಕು ಅಂತಲೂ ಇಲ್ಲ. ಆರೇ ಸಿಕ್ಕರೆ ಆರೇ ಕಳಿಸಿ. ಒಬ್ಬರು ಬಲವಾಗಿ ಬೇಕು ಅಂದು ಉಳಿದವರು ಬೇಡ ಅಂದರೆ ಅವರ ಹೆಸರು ಹಾಕಿಯೇ ಸೇರಿಸಿ. "ಅತ್ತೆಯವರ ಆಯ್ಕೆ" ಅಂತ ನಮ್ಮ ಪಟ್ಟಿಯಲ್ಲಿ ಯಾವಾಗಲೂ ಒಂದು ಇರುತ್ತದೆ, ಓದಿದವರು ಮೊದಲು ಕೇಳುವುದೂ ಅದನ್ನೇ.

ಪಟ್ಟಿ ಕಳಿಸಿದ ಮೇಲೆ ಹಳೆಯ ಕ್ಯಾಲೆಂಡರನ್ನು ರದ್ದಿಗೆ ಹಾಕಬೇಡಿ. ಮುಂದಿನ ವರ್ಷಕ್ಕೆ ಸಾಗಿಸಬೇಕಾದ ಹೆಸರುಗಳನ್ನು ಹೊಸ ಕ್ಯಾಲೆಂಡರಿನ ಜನವರಿ ಹಾಳೆಯ ಮೇಲಂಚಿನಲ್ಲಿ ಬರೆದುಕೊಳ್ಳಿ. ನನ್ನದರಲ್ಲಿ ಈಗ ಎರಡು ಇವೆ. ಒಂದು, 2025ರ ಸೆಪ್ಟೆಂಬರ್ 28ಕ್ಕೆ ಶುರುವಾದ ಬಿಗ್ ಬಾಸ್ 12. ಇನ್ನೊಂದು 'ಕರ್ಣ' ಧಾರಾವಾಹಿ. ಅದು ಅದೇ ವರ್ಷದ ಜುಲೈ ಮಳೆಯಲ್ಲಿ ಶುರುವಾದದ್ದು, ಮೊದಲ ವಾರಗಳ ಚೌಕಗಳಲ್ಲಿ "ಕಾಣಲಿಲ್ಲ" ಅಂತಲೇ ಇದೆ. ಅದನ್ನು ಮೊದಲಿಂದ ನೋಡಿಯೇ ಹೇಳಬೇಕು.