ಅಡಿಕೆ ಸುಲಿಯುವ ಕಾಲಕ್ಕೆ ಕಿವಿ ಮುಚ್ಚುವ ಟೋಪಿ

ನಮ್ಮ ತೀರ್ಥಹಳ್ಳಿ ಕಡೆ ಡಿಸೆಂಬರ್, ಜನವರಿ ಅಂದರೆ ಅಡಿಕೆ ಕೊಯ್ಲಿನ ಗಡಿಬಿಡಿ. ಬಿಸಿಲೇರುವವರೆಗೂ ತೋಟದ ಮೇಲೆ ಮಂಜು ಕೂತೇ ಇರುತ್ತದೆ. ಬೆಳಗಿನ ಜಾವಕ್ಕೇ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರುವ ಹೆಂಗಸರು ಸ್ವೆಟರ್ ಹಾಕಿಕೊಂಡು, ಮೇಲೆ ಕಿವಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಬಗ್ಗಿದಾಗಲೆಲ್ಲ ಆ ಟವೆಲ್ ಜಾರುತ್ತದೆ. ಕೈಯೆಲ್ಲ ಚೊಗರಾಗಿರುವಾಗ ಅದನ್ನು ಮುಟ್ಟುವ ಹಾಗೂ ಇಲ್ಲ. ಅಂಗಡಿಯ ಮಂಕಿ ಕ್ಯಾಪ್ ಬೆಚ್ಚಗೇನೋ ಇರುತ್ತದೆ, ಆದರೆ ಬಾಯಿ ಹತ್ತಿರ ಉಸಿರಿಗೆ ಒದ್ದೆಯಾಗಿ ಗಲ್ಲಕ್ಕೆ ಚುಚ್ಚುತ್ತದೆ. ಹಾಗಾಗಿ ನಾನೇ ಟೋಪಿ ಹೊಲಿಯತೊಡಗಿದೆ. ಈಗ ಮನೆಯವರಿಗೂ, ಸುಲಿಯಲು ಬರುವವರಿಗೂ ನಮ್ಮ ಮಷಿನ್‌ನಲ್ಲೇ ಟೋಪಿ ಆಗುತ್ತದೆ.

ಮೈಯ ಬಿಸಿಯೆಲ್ಲ ತಲೆಯಿಂದಲೇ ಹೋಗುತ್ತದೆ ಅಂತ ಹೇಳುವವರಿದ್ದಾರೆ. ಅದೇನೂ ನಿಜವಲ್ಲ. ದೊಡ್ಡವರ ತಲೆ ಅಂದರೆ ಮೈಯ ಚರ್ಮದಲ್ಲಿ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು, ಬಿಸಿ ಹೋಗುವುದೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಕಿವಿಗೆ ಗಾಳಿ ಹೊಡೆಯತೊಡಗಿದರೆ ಕೂತು ಕೆಲಸ ಮಾಡಲಾಗುವುದಿಲ್ಲ. ನನಗೆ ಬೇಕಿದ್ದದ್ದು ಕಿವಿ ಬಿಟ್ಟು ಮೇಲೇರದ ಟೋಪಿ.

ಬಟ್ಟೆ ಫ್ಲೀಸ್. ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಸಿಗದಿದ್ದರೆ ಫ್ಲೀಸ್ ಹೊದಿಕೆ ತಂದು ಕತ್ತರಿಸಿದರಾಯಿತು. ಒಬ್ಬರು ಹೊದೆಯುವ ಹೊದಿಕೆಯಲ್ಲಿ ಇಡೀ ಮನೆಗೆ ಟೋಪಿಯಾಗಿ ಇನ್ನೂ ಮಿಗುತ್ತದೆ. ಇದು ಪಾಲಿಯೆಸ್ಟರ್, ಹೆಣೆದ ಬಟ್ಟೆ. ಕತ್ತರಿಸಿದ ಅಂಚಿನಿಂದ ನೂಲು ಬಿಡುವುದಿಲ್ಲ, ನೀರು ಹೆಚ್ಚು ಹೀರುವುದಿಲ್ಲ. ನಮ್ಮ ಮಲೆನಾಡಿನ ಥಂಡಿಗೆ ಇದು ದೊಡ್ಡ ಗುಣ. ರಾತ್ರಿ ಹಿಂಡಿ ಒಳಗೆ ಹರವಿದರೆ ಬೆಳಗ್ಗೆಗೆ ಒಣಗಿರುತ್ತದೆ. ಉಣ್ಣೆಯಾದರೆ ಎರಡು ದಿನ ಮುಗ್ಗಲು ವಾಸನೆ.

ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಎರಡೂ ಕಡೆಗೆ ಎಳೆದು ನೋಡಬೇಕು. ಒಂದು ಕಡೆಗೆ ಚೆನ್ನಾಗಿ ಹಿಗ್ಗುತ್ತದೆ, ಇನ್ನೊಂದು ಕಡೆಗೆ ಅಷ್ಟಾಗಿ ಇಲ್ಲ. ಹಿಗ್ಗುವ ಕಡೆ ತಲೆಯ ಸುತ್ತ ಬರಬೇಕು. ಇದೊಂದು ಸರಿಯಾದರೆ ಉಳಿದದ್ದೆಲ್ಲ ಸಲೀಸು. ಹಿಗ್ಗುವ ಕಡೆಗೆ ಎಳೆದಾಗ ಕತ್ತರಿಸಿದ ಅಂಚು ಸುರುಳಿಯಾಗುತ್ತದೆ ನೋಡಿ, ಯಾವ ಕಡೆಗೆ ಸುರುಳಿಯಾಯಿತೋ ಅದು ಒಳಮೈ. ಎರಡೂ ಮೈ ಒಂದೇ ತರ ಕಂಡರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಅಳತೆ ಸುಲಭ. ಹುಬ್ಬಿನ ಮೇಲಿಂದ, ಕಿವಿಗೆ ತಾಗಿದಂತೆ ತಲೆಯ ಸುತ್ತ ಟೇಪು ಹಿಡಿಯಿರಿ. ಎಷ್ಟು ಬಂತೋ ಬಟ್ಟೆಯ ಅಗಲವೂ ಅಷ್ಟೇ. ತಲೆ 22 ಇಂಚಾದರೆ ಬಟ್ಟೆ 22 ಇಂಚು. ಹೊಲಿಗೆಗೆ ಎರಡು ಬದಿಯಿಂದ ಅರ್ಧರ್ಧ ಇಂಚು ಹೋಗಿ ಟೋಪಿ 21 ಆಗುತ್ತದೆ. ಆ ಒಂದು ಇಂಚನ್ನು ಬಟ್ಟೆಯೇ ಹಿಗ್ಗಿ ತುಂಬಿಕೊಳ್ಳುತ್ತದೆ, ಅದಕ್ಕೇ ಟೋಪಿ ಜಾರುವುದಿಲ್ಲ. ಎಲಾಸ್ಟಿಕ್ ಬೇಡ, ಲಾಡಿಯೂ ಬೇಡ. ದೊಡ್ಡವರಿಗೆ ಉದ್ದ 11 ಇಂಚು, ಅದರಲ್ಲಿ ಕೆಳಗಿನ 2 ಇಂಚು ಹೊರಗೆ ಮಡಚಲು. ಐದು ವರ್ಷದ ಮಕ್ಕಳ ತಲೆ ಸಾಮಾನ್ಯವಾಗಿ 20 ಇಂಚಿನ ಆಸುಪಾಸು ಇರುತ್ತದೆ, ಅವರಿಗೆ ಉದ್ದ 9 ಇಂಚು ಸಾಕು. ಆದರೂ ಟೇಪು ಹಿಡಿದೇ ಕತ್ತರಿಸಿ.

ಮೇಲಿನ ದುಂಡಿಗೆ ನಾಲ್ಕು ಎಸಳು ಬೇಕು. 22 ಇಂಚಿನ ತಲೆಗಾದರೆ ಹಳೇ ಪೇಪರಿನಲ್ಲಿ ಅದರ ಕಾಲು ಭಾಗ, ಅಂದರೆ ಐದೂವರೆ ಇಂಚು ಅಗಲ, 11 ಇಂಚು ಉದ್ದದ ಪಟ್ಟಿ ಕತ್ತರಿಸಿ. ಮೇಲ್ತುದಿಯ ನಡುವೆ ಒಂದು ಚುಕ್ಕೆ, ಎರಡೂ ಬದಿಯಲ್ಲಿ ತುದಿಯಿಂದ 4 ಇಂಚು ಕೆಳಗೆ ಒಂದೊಂದು ಚುಕ್ಕೆ. ಬದಿಯ ಚುಕ್ಕೆಗಳಿಂದ ನಡುವಿನ ಚುಕ್ಕೆಗೆ ಸ್ವಲ್ಪ ಹೊರಗೆ ಉಬ್ಬಿದ ಗೆರೆ ಎಳೆದು ಕತ್ತರಿಸಿ. ನೇರ ಗೆರೆ ಎಳೆದರೆ ಟೋಪಿಯ ನೆತ್ತಿ ಚೂಪಾಗುತ್ತದೆ. ಪೇಪರನ್ನು ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ನಾಲ್ಕು ಸಲ ಇಟ್ಟು ಚಾಕಿನಲ್ಲಿ ಗುರುತು ಮಾಡಿ. ಮೇಲಿನ ಉಬ್ಬುಗೆರೆಯಷ್ಟನ್ನೇ ಕತ್ತರಿಸಿ, ಕೆಳಗೆ ನಾಲ್ಕೂ ಎಸಳು ಕೂಡಿಕೊಂಡೇ ಇರಬೇಕು. ಬಟ್ಟೆಯನ್ನೇ ನಾಲ್ಕು ಮಡಿಕೆ ಮಾಡಿ ಕತ್ತರಿಸಲು ಹೋಗಬೇಡಿ, ದಪ್ಪಕ್ಕೆ ಒಳಗಿನ ಮಡಿಕೆ ಜರುಗುತ್ತದೆ.

ನಮ್ಮ ಮನೆಯಲ್ಲಿರುವುದು ಕಾಲಲ್ಲಿ ತುಳಿಯುವ ಹಳೇ ಮಷಿನ್. ನೇರ ಹೊಲಿಗೆ ಬಿಟ್ಟರೆ ಅದಕ್ಕೆ ಬೇರೇನೂ ಬರುವುದಿಲ್ಲ. ಹಿಗ್ಗುವ ಬಟ್ಟೆಗೆ ಜಿಗ್‌ಜಾಗ್ ಮಷಿನ್ನೇ ಬೇಕು ಅಂತಾರಲ್ವಾ? ಈ ಟೋಪಿಗೆ ಬೇಡ. ಬಟ್ಟೆ ಹಿಗ್ಗುವುದು ಅಡ್ಡಕ್ಕೆ, ಹೊಲಿಗೆ ಹೋಗುವುದು ಮೇಲಿಂದ ಕೆಳಕ್ಕೆ. ದಾರದ ಮೇಲೆ ಎಳೆತವೇ ಬೀಳುವುದಿಲ್ಲ. ಕೆಳಗಿನ ಅಂಚನ್ನು ಮಾತ್ರ ಸುತ್ತ ಹೊಲಿಯಬಾರದು. ಹೊಲಿದರೆ ಟೋಪಿ ಹಾಕುವಾಗ ದಾರ ಪಟಪಟ ಕಿತ್ತು ಬರುತ್ತದೆ. ಹೇಗೂ ನೂಲು ಬಿಡದ ಬಟ್ಟೆ, ಅಂಚನ್ನು ಹಾಗೇ ಬಿಟ್ಟು ಮಡಚಿಕೊಳ್ಳುವುದು. ದಾರ ಪಾಲಿಯೆಸ್ಟರಿನದೇ ಇರಲಿ. ಹೊಲಿಗೆ ಸ್ವಲ್ಪ ಉದ್ದಕ್ಕೆ ಇಟ್ಟು, ಮೇಲಿನ ತಿರುಪು ಸಡಿಲಿಸಿ ಬಟ್ಟೆಯ ಮೇಲೆ ಬೀಳುವ ಒತ್ತಡ ಕಮ್ಮಿ ಮಾಡಿಕೊಂಡರೆ ಬಟ್ಟೆ ಸುಕ್ಕಾಗದೆ ಮುಂದೆ ಹೋಗುತ್ತದೆ. ಹೆಣೆದ ಬಟ್ಟೆಗೆ ಬರುವ ಬಾಲ್‌ಪಾಯಿಂಟ್ ಸೂಜಿ ಹಾಕಿದರೆ ಇನ್ನೂ ಒಳ್ಳೆಯದು.

ಹೊಲಿಯುವ ಕ್ರಮ ಹೀಗೆ. ಹೊರಮೈ ಹೊರಮೈ ಸೇರಿಸಿ ಮೊದಲನೇ ಎಸಳಿಗೆ ಎರಡನೆಯದು, ಮೂರನೆಯದಕ್ಕೆ ನಾಲ್ಕನೆಯದು ಜೋಡಿಸಿ. ಎಸಳಿನ ಹೊಲಿಗೆಗೆ ಕಾಲಿಂಚು ಸಾಕು. ಈಗ ಎರಡು ಅರ್ಧ ಸಿಗುತ್ತದೆ. ಎರಡು ಮತ್ತು ಮೂರನೇ ಎಸಳಿನ ನಡುವಿನ ತಗ್ಗಿನಿಂದ ಹೊಲಿಗೆ ಶುರು ಮಾಡಿ, ನೆತ್ತಿ ದಾಟಿ, ಆ ಬದಿಯಿಂದ ಹಿಂಭಾಗಕ್ಕೆ ಒಂದೇ ಓಟದಲ್ಲಿ ಇಳಿಸಬೇಕು. ಎಸಳು ಮುಗಿದ ಮೇಲೆ ಕಾಲಿಂಚನ್ನು ನಿಧಾನಕ್ಕೆ ಅರ್ಧ ಇಂಚಿಗೆ ಅಗಲ ಮಾಡಿ. ನೆತ್ತಿಯಲ್ಲಿ ಹೊಲಿಗೆಗಳೆಲ್ಲ ಒಂದೇ ಕಡೆ ಸೇರಿ ಗಂಟಿನ ಹಾಗೆ ದಪ್ಪಗಾಗುತ್ತದೆ. ಅಲ್ಲಿ ಒಂದು ಅರ್ಧದ ಅಂಚನ್ನು ಎಡಕ್ಕೂ ಇನ್ನೊಂದರದ್ದನ್ನು ಬಲಕ್ಕೂ ಮಲಗಿಸಿ ಪಿನ್ನು ಹಾಕಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸಿ. ಆಮೇಲೂ ಸಣ್ಣ ತೂತು ಕಂಡರೆ ಕೈಸೂಜಿಯಲ್ಲಿ ನಾಲ್ಕು ಹೊಲಿಗೆ. ಮಕ್ಕಳ ಟೋಪಿಯಾದರೆ ಅಲ್ಲೊಂದು ಉಲ್ಲನ್ ಗೊಂಡೆ ಕಟ್ಟಿಬಿಡಿ, ತೂತೂ ಮುಚ್ಚುತ್ತದೆ, ಅವರಿಗೂ ಖುಷಿ.

ಹಿಂದಿನ ಹೊಲಿಗೆಯನ್ನು ತುದಿವರೆಗೆ ಒಯ್ಯಬೇಡಿ. ಕೆಳಗೆ 2 ಇಂಚು ಇರುವಾಗ ನಿಲ್ಲಿಸಿ, ಅಂಚಿಗೆ ಅಲ್ಲೊಂದು ಸಣ್ಣ ಕತ್ತರಿ ಗುರುತು ಕೊಡಿ. ಉಳಿದಷ್ಟನ್ನು ಒಳಮೈ ಒಳಮೈ ಸೇರಿಸಿ ಹೊಲಿಯಿರಿ. ಮೇಲಕ್ಕೆ ಮಡಚಿದಾಗ ಹೊಲಿಗೆಯ ಅಂಚು ಮಡಿಕೆಯೊಳಗೆ ಅಡಗುತ್ತದೆ. ಅಂಗಡಿ ಟೋಪಿಗಿಂತ ನೀಟು!

ಕೆಲಸ ಮುಗಿದ ಮೇಲೆ ಬಾಬಿನ್ ಕೇಸ್ ಬಿಚ್ಚಿ ಬ್ರಷ್‌ನಲ್ಲಿ ಜುಂಗು ತೆಗೆಯಬೇಕು, ಫ್ಲೀಸ್ ವಿಪರೀತ ಜುಂಗು ಬಿಡುತ್ತದೆ. ಇಸ್ತ್ರಿ ಮುಟ್ಟಿಸಲೇಬಾರದು, ಕರಗುತ್ತದೆ.

ಬೆಂಕಿಯ ವಿಷಯವೂ ಅಷ್ಟೇ. ಅಡಿಕೆ ಬೇಯಿಸುವ ಒಲೆ ಮುಂದೆ ನಿಲ್ಲುವವರಿಗೆ, ಬಚ್ಚಲ ಒಲೆಗೆ ಕಟ್ಟಿಗೆ ತುರುಕುವವರಿಗೆ ನಾನು ಫ್ಲೀಸ್ ಟೋಪಿ ಕೊಡುವುದಿಲ್ಲ. ಕಿಡಿ ಹಾರಿ ಬಿದ್ದರೆ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅವರಿಗೆ ಹಳೇ ಉಣ್ಣೆ ಸ್ವೆಟರಿನ ಕೆಳಭಾಗ ಕತ್ತರಿಸಿ ಇದೇ ಅಳತೆಯಲ್ಲಿ ಹೊಲಿಯುತ್ತೇನೆ. ಸ್ವೆಟರಿನ ಪಟ್ಟಿ ಟೋಪಿಯ ಅಂಚಾಗುತ್ತದೆ. ಅದರಲ್ಲಿ ನೂಲು ಬಿಡುತ್ತದೆ, ಕತ್ತರಿಸುವ ಗೆರೆಯ ಒಳಗೆ ಮೊದಲೇ ಎರಡು ಸಾಲು ಹೊಲಿಗೆ ಹಾಕಿಕೊಳ್ಳಬೇಕು. ಬೈಕಿನಲ್ಲಿ ಓಡಾಡುವವರೂ ಈ ಟೋಪಿಗಳನ್ನು ಹೆಲ್ಮೆಟ್ ಒಳಗೆ ಹಾಕಬೇಡಿ, ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ.

"ಅಮ್ಮ, ನನ್ನ ತುರುಬಿಗೆ ಈ ಟೋಪಿ ಕೂರಲ್ಲ" ಅಂದವರೂ ಇದ್ದಾರೆ. ಅವರಿಗೆ ಮಿಕ್ಕ ತುಂಡಿನಲ್ಲಿ ಕಿವಿಪಟ್ಟಿ. ಅಗಲ 8 ಇಂಚು, ಉದ್ದ ತಲೆಯ ಅಳತೆಯಷ್ಟೇ, ಹಿಗ್ಗುವ ಕಡೆ ಸುತ್ತಕ್ಕೆ. ತುದಿ ತುದಿ ಸೇರಿಸಿ ಬಳೆ ಮಾಡಿ, ಹೊಲಿಗೆ ಒಳಗೆ ಬರುವಂತೆ ಮಡಚಿದರೆ 4 ಇಂಚಿನ ಜೋಡಿ ಪಟ್ಟಿ. ಸುಲಿಯುವಾಗ ಪಕ್ಕದವರ ಮಾತು ಕೇಳಬೇಕು ಅನ್ನುವವರಿಗೆ ಮಡಚದೆ ಒಂಟಿ ಪದರದಲ್ಲೇ 4 ಇಂಚಿಗೆ ಕತ್ತರಿಸಿ ಕೊಡುತ್ತೇನೆ.